ಝೆರಾಕ್ಸ್ ಅಂಗಡಿಯಲ್ಲಿ ಲಿನಕ್ಸ್ ಮಿಂಟ್: ಆರು ವರ್ಷ ಬಳಸಿದ ಮೇಲೆ

ಸಾಗರದಲ್ಲಿ ನನ್ನದೊಂದು ಡಿಟಿಪಿ ಮತ್ತು ಝೆರಾಕ್ಸ್ ಅಂಗಡಿ ಇದೆ. ನಾಲ್ಕು ಕಂಪ್ಯೂಟರ್, ಎರಡು ಪ್ರಿಂಟರ್, ಒಂದು ಝೆರಾಕ್ಸ್ ಮೆಷಿನ್, ಕೆಲಸಕ್ಕೆ ಒಬ್ಬಳು ಹುಡುಗಿ. ಅರ್ಜಿ, ಬಾಡಿಗೆ ಕರಾರು, ಗೃಹಪ್ರವೇಶದ ಕಾರ್ಡು, ಕಾಲೇಜು ಮಕ್ಕಳ ಪ್ರಾಜೆಕ್ಟು, ವರ್ಷಕ್ಕೆ ಒಂದೋ ಎರಡೋ ಸ್ಮರಣ ಸಂಚಿಕೆ. ನಾಲ್ಕರಲ್ಲಿ ಮೂರು ಕಂಪ್ಯೂಟರ್ 2020ರ ಜನವರಿಯಿಂದ ಲಿನಕ್ಸ್ ಮಿಂಟ್‌ನಲ್ಲಿ ನಡೆಯುತ್ತಿವೆ. ವಿಂಡೋಸ್ ಥರವೇ ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶ ಅದು. ನಾಲ್ಕನೆಯದು ಇವತ್ತಿಗೂ ವಿಂಡೋಸ್. ಯಾಕೆ ಅಂತ ಮುಂದೆ ಹೇಳುತ್ತೇನೆ.

ಶುರುವಾಗಿದ್ದು ಜಿಪುಣತನದಿಂದ. 2020ರ ಜನವರಿ 14ಕ್ಕೆ ವಿಂಡೋಸ್ 7ರ ಅಪ್‌ಡೇಟ್ ನಿಲ್ಲುವುದಿತ್ತು. ನನ್ನವು ಎಲ್ಲ ಸೆಕೆಂಡ್ ಹ್ಯಾಂಡ್ ಡಬ್ಬಗಳು. ಹೊಸದು ತೆಗೆದುಕೊಳ್ಳುವಷ್ಟು ವ್ಯಾಪಾರ ಇರಲಿಲ್ಲ. ಸಂಕ್ರಾಂತಿಗೆ ಬೆಂಗಳೂರಿನಿಂದ ಬಂದ ಭಾವಮೈದ ಪೆನ್ ಡ್ರೈವ್ ಹಿಡಿದುಕೊಂಡೇ ಬಂದಿದ್ದ. "ಭಾವ, ಇದನ್ನ ಹಾಕಿ ನೋಡಿ. ಪುಕ್ಕಟೆ" ಅಂದ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅಂತಾರಲ್ಲ, ಹಾಗೆ ಮೂರಕ್ಕೂ ಹಾಕಿಸಿಕೊಂಡೆ. ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿಗಿಂತ ವೇಗದ ಡಿಸ್ಕ್) ಮಾತ್ರ ದುಡ್ಡು ಕೊಟ್ಟು ತಂದೆ. ನಿಜ ಹೇಳಬೇಕೆಂದರೆ ಮೊದಲ ತಿಂಗಳ ವೇಗದಲ್ಲಿ ಮುಕ್ಕಾಲು ಪಾಲು ಪುಣ್ಯ ಆ ಎಸ್‌ಎಸ್‌ಡಿಯದ್ದು.

ದಿನದ ಬಳಕೆ ಬಗ್ಗೆ ಹೆಚ್ಚು ಹೇಳುವುದೇನಿಲ್ಲ, ಅದೇ ಅದರ ಗುಣ. ಕೆಳಗೆ ಎಡಗಡೆ ಮೆನು, ಬಲಗಡೆ ಗಡಿಯಾರ. ಅಂಗಡಿಯ ಹುಡುಗಿ ಎರಡು ದಿನದಲ್ಲಿ ಹೊಂದಿಕೊಂಡಳು. ಪಹಣಿ, ಆನ್‌ಲೈನ್ ಅರ್ಜಿ ಎಲ್ಲ ಬ್ರೌಸರ್‌ನಲ್ಲೇ ಆಗುವ ಕೆಲಸ, ಅದಕ್ಕೆ ಯಾವ ಸಿಸ್ಟಂ ಆದರೇನು? 4 ಜಿಬಿ ರ್‍ಯಾಮ್ ಇರುವ ಎರಡಕ್ಕೆ ಮಿಂಟ್‌ನ ಸಿನಮನ್ ಅನ್ನುವ ರೂಪ, 2 ಜಿಬಿಯ ಮುದುಕನಿಗೆ ಹಗುರವಾದ ಎಕ್ಸ್‌ಎಫ್‌ಸಿಇ. ಗಿರಾಕಿ ಎದುರಿಗೆ ನಿಂತಾಗ ಅದರ ಪಾಡಿಗೆ ಅದು ರೀಸ್ಟಾರ್ಟ್ ಆಗುವುದಿಲ್ಲ. ಅಪ್‌ಡೇಟ್ ಯಾವಾಗ ಅಂತ ನಾನು ಹೇಳುತ್ತೇನೆ, ಅದು ಕೇಳುತ್ತದೆ. ಮಳೆಗಾಲದಲ್ಲಿ ನಮ್ಮೂರ ಕರೆಂಟಿನ ಕಥೆ ಗೊತ್ತಲ್ಲ. ಯುಪಿಎಸ್ ಕೂಡ ಕೈಕೊಟ್ಟು ಎಷ್ಟೋ ಸಲ ದಬಕ್ಕನೆ ಆರಿದೆ. ಒಂದೇ ಒಂದು ಸಲ ಮೇಲೇಳಲು ತಕರಾರು ಮಾಡಿತು. ಟೈಮ್‌ಶಿಫ್ಟ್ ಅಂತ ಒಂದು ಉಪಕರಣ ಜೊತೆಯಲ್ಲೇ ಬರುತ್ತದೆ, ಹಿಂದಿನ ವಾರದ ಸ್ಥಿತಿಗೆ ತಂದು ನಿಲ್ಲಿಸಿತು. ಅದನ್ನು ಮೊದಲ ದಿನವೇ ಆನ್ ಮಾಡಿಕೊಳ್ಳಿ.

ಆವೃತ್ತಿಗಳಿಗೆ ಹೆಣ್ಣುಮಕ್ಕಳ ಹೆಸರು. ಟ್ರಿಷಿಯಾ, ಉಲ್ಯಾನಾ, ವನೆಸ್ಸಾ, ವಿಲ್ಮಾ ಅಂತ ನಾನು ನಾಲ್ಕು ದಾಟಿದ್ದೇನೆ. ಉಲ್ಯಾನಾ ಅಂದರೆ 20ನೇ ಆವೃತ್ತಿ, ಅಲ್ಲಿಗೆ 32 ಬಿಟ್‌ನ ಹಳೇ ಕಾಲದ ಯಂತ್ರಗಳಿಗೆ ಬಾಗಿಲು ಹಾಕಿದರು. ನನ್ನ ಮುದುಕ ಪುಣ್ಯಕ್ಕೆ 64 ಬಿಟ್.

ಈಗ ಪ್ರಿಂಟರ್ ವಿಷಯ. ನಮ್ಮ ಕಸುಬಿನಲ್ಲಿ ಪೇಪರ್ ಜಾಮ್ ಆಗದ ದಿನ ಅಂದರೆ ಭಾನುವಾರ ಮಾತ್ರ. ಹಾಗಾಗಿ ಈ ಕಥೆ ಓದಿದಾಗ ನನಗೆ ಬಹಳ ಖುಷಿಯಾಗಿತ್ತು. ಸ್ವತಂತ್ರ ಸಾಫ್ಟ್‌ವೇರ್ ಅನ್ನುವ ಇಡೀ ಜಗಳಕ್ಕೆ ಒಂದು ಪೇಪರ್ ಜಾಮ್ ಮೂಲವಂತೆ. ಯಾರು ಬೇಕಾದರೂ ಒಳಗೆ ನೋಡಿ, ತಿದ್ದಿ, ಹಂಚಬಹುದಾದದ್ದು ಸ್ವತಂತ್ರ ಅಥವಾ ಮುಕ್ತ ತಂತ್ರಾಂಶ. ಮಿಂಟ್ ಕೂಡ ಅದೇ ಜಾತಿ. ಸುಮಾರು 1980ರ ಹೊತ್ತಿಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಪ್ರೋಗ್ರಾಂ ಬರೆಯುವ ರಿಚರ್ಡ್ ಸ್ಟಾಲ್‌ಮನ್ ಕೆಲಸ ಮಾಡುತ್ತಿದ್ದರು. ಅಲ್ಲಿನ ಹಳೇ ಪ್ರಿಂಟರ್‌ನ ಪ್ರೋಗ್ರಾಂ ತಿದ್ದಿ, ಪೇಪರ್ ಸಿಕ್ಕಿಕೊಂಡರೆ ಪ್ರಿಂಟ್ ಕೊಟ್ಟವರಿಗೆ ಪರದೆ ಮೇಲೆ ಸುದ್ದಿ ಹೋಗುವ ಹಾಗೆ ಮಾಡಿಕೊಂಡಿದ್ದರು. ಆಮೇಲೆ ಹೊಸ ಲೇಸರ್ ಪ್ರಿಂಟರ್ ಬಂತು. ಅದೂ ಝೆರಾಕ್ಸ್ ಕಂಪನಿಯದ್ದೇ! ಅದರ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಂ ತಿದ್ದಲು ಬೇಕಾದ ಮೂಲ ಬರಹ, ಜೊತೆಗೆ ಬರಲಿಲ್ಲ. ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಕೋಡ್ ಇದ್ದವರನ್ನು ಕೇಳಿದರೆ, ಯಾರಿಗೂ ಕೊಡುವುದಿಲ್ಲ ಅಂತ ಸಹಿ ಹಾಕಿಕೊಟ್ಟಿದ್ದೇನೆ ಅಂದುಬಿಟ್ಟರು. ಆ ಸಿಟ್ಟು ಬೆಳೆದು 1983ರಲ್ಲಿ ಸ್ವತಂತ್ರ ಸಾಫ್ಟ್‌ವೇರ್ ಬರೆಯುವ ಗ್ನೂ ಯೋಜನೆ ಆಯಿತು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನಲ್, ಅಂದರೆ ಸಿಸ್ಟಂನ ತಿರುಳು, ಬರೆದರು. ಎರಡೂ ಸೇರಿ ಡೆಬಿಯನ್ ಅನ್ನುವ ಸಿಸ್ಟಂ, ಅದರ ಮೇಲೆ ಉಬುಂಟು, ಅದರ ಮೇಲೆ ಮಿಂಟ್.

ನನ್ನದೂ ಒಂದು ಪ್ರಿಂಟರ್ ಸಿಟ್ಟು ಇದೆ. ಒಂದು ಕಂಪನಿಯ ಲೇಸರ್ ಪ್ರಿಂಟರ್ ತಂದೆ, ಹೆಸರು ಬೇಡ. ಎರಡು ವರ್ಷ ರೀಫಿಲ್ ಟೋನರ್ ಹಾಕಿ ಚೆನ್ನಾಗಿಯೇ ಓಡಿಸಿದೆ. ಒಂದು ದಿನ ಪ್ರಿಂಟರ್ ಒಳಗಿನ ಸಾಫ್ಟ್‌ವೇರ್ ಅಪ್‌ಡೇಟ್ ಆಯಿತು. ಮರುದಿನದಿಂದ ರೀಫಿಲ್ ಟೋನರ್ ಕಂಡರೆ ಮುಖ ತಿರುಗಿಸಿತು. ಪ್ರಿಂಟರ್ ನಂದು, ಕರೆಂಟು ನಂದು, ಕಾಗದ ನಂದು. ಟೋನರ್ ಯಾವುದು ಅಂತ ಮಾತ್ರ ಅವರು ಹೇಳುತ್ತಾರೆ. ಇದಕ್ಕೆ ಮಿಂಟ್ ಮದ್ದಲ್ಲ. ಬೀಗ ಇರುವುದು ಪ್ರಿಂಟರ್ ಹೊಟ್ಟೆಯಲ್ಲಿ. ಆದರೆ ಭಾವಮೈದ ಹೇಳಿದ 'ಪುಕ್ಕಟೆ' ಅನ್ನುವ ಪದ ಸಾಲದು ಅಂತ ನನಗೆ ತಲೆಗೆ ಹೋದದ್ದು ಅವತ್ತೇ. ಇಂಗ್ಲಿಷ್‌ನವರು ಬಿಟ್ಟಿಗೂ ಸ್ವಾತಂತ್ರ್ಯಕ್ಕೂ 'ಫ್ರೀ' ಅನ್ನುವ ಒಂದೇ ಪದ ಇಟ್ಟುಕೊಂಡು ನಲವತ್ತು ವರ್ಷದಿಂದ ವಿವರಣೆ ಕೊಡುತ್ತಿದ್ದಾರೆ. ನಮಗೆ ಆ ಕಷ್ಟ ಇಲ್ಲ.

ಇನ್ನೂ ದೊಡ್ಡ ಪಾಠ ನನ್ನದೇ ಕಪಾಟಿನಲ್ಲಿತ್ತು. 2008ರಲ್ಲಿ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಊರಿನ ಬಗ್ಗೆ ಪುಸ್ತಕ ಬರೆದಿದ್ದರು. ಡಿಟಿಪಿ ಮಾಡಿದ್ದು ನಾನೇ. ಐನೂರು ಪ್ರತಿ ಖರ್ಚಾದವು, ಮೇಷ್ಟ್ರೂ ತೀರಿಕೊಂಡರು. 2021ರಲ್ಲಿ ಅವರ ಮಗ ಬಂದು "ಅಪ್ಪನ ಪುಸ್ತಕ ಮತ್ತೆ ಅಚ್ಚು ಹಾಕಿಸಬೇಕು. ಫೈಲು ನಿಮ್ಮ ಹತ್ರ ಇದೆ ಅಲ್ವಾ?" ಅಂದರು. ಸಿಡಿ ಇತ್ತು. ಪುಟ ಜೋಡಿಸುವ ಹಳೇ ತಂತ್ರಾಂಶ ಪೇಜ್‌ಮೇಕರ್‌ನ ಫೈಲು. ಮೈಕ್ರೋಸಾಫ್ಟ್ ಆಫೀಸ್ ಥರದ್ದೇ ಮುಕ್ತ ತಂತ್ರಾಂಶ ಲಿಬ್ರೆ ಆಫೀಸ್ ಈ ಫೈಲುಗಳನ್ನು ಅಷ್ಟಿಷ್ಟು ತೆರೆಯುತ್ತದೆ, ತೆರೆಯಿತು ಕೂಡ. ಒಳಗೆ ಕನ್ನಡವೇ ಇಲ್ಲ! ಟೋಪಿ ಹಾಕಿದ 'ಎ'ಗಳು, ಬಾಲ ಬಿಟ್ಟ ಅಕ್ಷರಗಳು, ಸಾಲು ಸಾಲಾಗಿ ಪೌಂಡ್ ಗುರುತು. ಮಲೆನಾಡಿನ ಹಳ್ಳಿಯ ಚರಿತ್ರೆ ಹೋಗಿ ಬ್ರಿಟಿಷರ ಖರ್ಚಿನ ಲೆಕ್ಕದ ಹಾಗೆ ಕಾಣುತ್ತಿತ್ತು.

ಡಿಟಿಪಿಯವರಿಗೆ ಇದು ಗೊತ್ತಿರುವ ವಿಷಯ. ಉಳಿದವರಿಗಾಗಿ ಹೇಳುತ್ತೇನೆ. ಆಗಿನ ಕಂಪ್ಯೂಟರ್‌ಗಳಿಗೆ ಕನ್ನಡ ನೆಟ್ಟಗೆ ಬರುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಮನೆಯಲ್ಲೇ ಕನ್ನಡದ ಚಿತ್ರ ಕೂರಿಸಿ ಫಾಂಟ್ ಮಾಡುತ್ತಿದ್ದರು. ಪೌಂಡ್ ಗುರುತಿನ ಮನೆಯಲ್ಲಿ 'ನ' ಕೂತಿತ್ತು. ಆ ಕಾಲಕ್ಕೆ ಅದು ಜಾಣತನವೇ. ಬರಹ, ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳು ಇಲ್ಲದೇ ಹೋಗಿದ್ದರೆ ನನ್ನ ಅಂಗಡಿಯೇ ಇರುತ್ತಿರಲಿಲ್ಲ. ಆದರೆ ಫಾಂಟ್ ತೆಗೆದರೆ ಕನ್ನಡವೂ ಹೋಯಿತು. ಹುಡುಕಿದರೆ ಸಿಗದು, ಅಕಾರಾದಿ ಜೋಡಿಸಲು ಆಗದು. ಹದಿನೈದು ವರ್ಷ ನಾನು ಕನ್ನಡ ಟೈಪ್ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಮಾಡುತ್ತಿದ್ದದ್ದು ಕನ್ನಡದ ಚಿತ್ರ.

ಲೋಕದ ಲಿಪಿಗಳ ಪ್ರತಿ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಕೊಡುವ ಪದ್ಧತಿ ಯೂನಿಕೋಡ್. ಅದರಲ್ಲಿ ಕನ್ನಡಕ್ಕೆ ಅಂತಲೇ 128 ಮನೆಗಳಿವೆ. ಅಲ್ಲಿ 'ನ' ಎಲ್ಲಿ ತೆರೆದರೂ 'ನ'. ಈಗ ನಾನು ಟೈಪ್ ಮಾಡುವುದೆಲ್ಲ ಅದರಲ್ಲೇ. ಮಿಂಟ್‌ನ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡ ಕಗಪ ಅನ್ನುವ ವಿನ್ಯಾಸ ಮೊದಲೇ ಇದೆ. ಕೆ.ಪಿ. ರಾವ್ ಅವರ ಕೀಲಿಮಣೆಯ ದಾರಿಯದ್ದು. ನುಡಿಯಲ್ಲಿ ಪಳಗಿದ ಬೆರಳು ಹಾಗೇ ಓಡುತ್ತದೆ, 'ಎಫ್' ಒತ್ತಿದರೆ ಒತ್ತು ಬರುತ್ತದೆ. ಫಾಂಟ್‌ಗಳಲ್ಲಿ ಗುಬ್ಬಿ, ನವಿಲು ನನಗೆ ಇಷ್ಟ. ಎರಡೂ ಮುಕ್ತ. ಆದರೆ ಮದುವೆ ಕಾರ್ಡಿಗೆ ಬೇಕಾಗುವ ಡೊಂಕುಡೊಂಕು ಅಲಂಕಾರದ ಫಾಂಟ್‌ಗಳು ಯೂನಿಕೋಡ್‌ನಲ್ಲಿ ಇನ್ನೂ ಕಡಿಮೆ. ಗಿರಾಕಿ ಬೆರಳು ತೋರಿಸುವುದು ಮಾತ್ರ ಅದಕ್ಕೇ.

ಭಾವಮೈದನ ಜೊತೆ ನನ್ನ ವಾದ ನಡೆಯುವುದು ಇಲ್ಲಿಂದ ಮುಂದೆ. ಅವನು ಒಳ್ಳೆ ಕಂಪನಿಯಲ್ಲಿ ಸಾಫ್ಟ್‌ವೇರ್ ಬರೆಯುವವನು. ಪ್ರತಿ ಹಬ್ಬಕ್ಕೂ ಒಂದೇ ಮಾತು: "ಭಾವ, ಹಳೇ ಮೆಷಿನ್‌ಗೆ ಇದು ಸರಿ. ಆದ್ರೆ ಹೊಸದೇನೂ ಇದರಿಂದ ಬರಲ್ಲ. ದುಡ್ಡಿರೋ ಕಡೆ ಹೊಸದು ಹುಟ್ಟತ್ತೆ, ಇವರು ಅದನ್ನ ನಕಲು ಹೊಡೀತಾರೆ." ಇದರಲ್ಲಿ ಸ್ವಲ್ಪ ನಿಜ ಇದೆ. ಲಿಬ್ರೆ ಆಫೀಸ್ ನೋಡಿದರೆ ಯಾರ ಮಗು ಅಂತ ಕೇಳಬೇಕಾಗಿಲ್ಲ. ಆದರೂ ಅವನಿಗೆ ನಾನು ಸ್ಕ್ರೈಬಸ್ ತೋರಿಸುತ್ತೇನೆ. ಪುಟ ಜೋಡಿಸುವ ಮುಕ್ತ ತಂತ್ರಾಂಶ, ನಮ್ಮ ಪೇಜ್‌ಮೇಕರ್ ಇದ್ದ ಹಾಗೆ. ಅದರ ಹಳೇ ಆವೃತ್ತಿಯಲ್ಲಿ ಕನ್ನಡ ಹಾಕಿದರೆ ಒತ್ತಕ್ಷರ ಒಂದು ಕಡೆ, ಕೊಂಬು ಇನ್ನೊಂದು ಕಡೆ. ಒಮಾನ್ ದೇಶದ ಒಂದು ತಂಡ ಅರಬ್ಬಿ ಲಿಪಿಗಾಗಿ ಕೂತು ಅದನ್ನು ಸರಿಮಾಡಿತು. ಅದರಿಂದ ಕನ್ನಡವೂ ಸರಿಯಾಯಿತು. 2024ರಲ್ಲಿ ಬಂದ 1.6ರಲ್ಲಿ ನಾನು ಒಂದು ಸ್ಮರಣ ಸಂಚಿಕೆ ಪೂರ್ತಿ ಮಾಡಿದ್ದೇನೆ. ಅದರ ಹಿಂದಿರುವುದು ಹಾರ್ಫ್‌ಬಝ್ ಅನ್ನುವ ಅಕ್ಷರ ಜೋಡಿಸುವ ಯಂತ್ರ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಎಲ್ಲದರ ಹೊಟ್ಟೆಯಲ್ಲೂ ಇದೆ. ಭಾವಮೈದ ತನ್ನ ಆಂಡ್ರಾಯ್ಡ್ ಫೋನಿನಲ್ಲಿ ಅಕ್ಕನಿಗೆ ಕನ್ನಡದಲ್ಲಿ ಮೆಸೇಜ್ ಹಾಕಿದರೆ ಅಲ್ಲಿ 'ಕ್ಕ' ಸರಿಯಾಗಿ ಕೂರುವುದು ಅದರಿಂದಲೇ. ಕನ್ನಡದ ಒತ್ತಕ್ಷರಕ್ಕೆ ಮಾರುಕಟ್ಟೆ ಎಷ್ಟು ಅಂತ ಲೆಕ್ಕ ಹಾಕಿ ಕೂತಿದ್ದರೆ ಇದು ಬರುತ್ತಿತ್ತಾ?

2024ರ ಯುಗಾದಿಗೆ ಬಂದಾಗ ಅವನ ಕೈಯಲ್ಲಿ ಹೊಸ ಅಸ್ತ್ರ ಇತ್ತು. ಎಕ್ಸ್‌ಝಡ್ ಅನ್ನುವ, ಫೈಲು ಕುಗ್ಗಿಸುವ ಒಂದು ಸಣ್ಣ ಮುಕ್ತ ತಂತ್ರಾಂಶ. ದಣಿದಿದ್ದ ಒಬ್ಬ ಸ್ವಯಂಸೇವಕ ಅದನ್ನು ನೋಡಿಕೊಳ್ಳುತ್ತಿದ್ದ. ಸಹಾಯ ಮಾಡುತ್ತೇನೆ ಅಂತ ಇನ್ನೊಬ್ಬ ಬಂದು, ಎರಡು ವರ್ಷಕ್ಕಿಂತ ಜಾಸ್ತಿ ನಂಬಿಕೆ ಗಳಿಸಿ, ಒಳಗೆ ಕಳ್ಳಬಾಗಿಲು ಇಟ್ಟಿದ್ದ. ಆ ವರ್ಷ ಮಾರ್ಚ್ ಕೊನೆಗೆ ಸಿಕ್ಕಿಬಿತ್ತು. "ಎಲ್ಲರೂ ನೋಡಬಹುದು ಅಂದ್ರೆ ಯಾರೂ ನೋಡಲ್ಲ ಅಂತ ಅರ್ಥ ಭಾವ" ಅಂದ. ನಾನು ಸುಮ್ನೆ ಹೋಳಿಗೆ ತಿಂದೆ. ಮಾತು ನಿಜವೇ ತಾನೆ? ಮಿಂಟ್‌ನ ವೆಬ್‌ಸೈಟಿಗೂ 2016ರಲ್ಲಿ ಕಳ್ಳರು ನುಗ್ಗಿ ಡೌನ್‌ಲೋಡ್ ಕೊಂಡಿಯನ್ನೇ ತಮ್ಮ ಕಳ್ಳ ಫೈಲಿಗೆ ತಿರುಗಿಸಿದ್ದರು. ಅದಕ್ಕೇ ನಾನು ಪ್ರತಿ ಸಲ ಚೆಕ್‌ಸಮ್, ಅಂದರೆ ಫೈಲು ಅಸಲಿಯೇ ಅಂತ ತಾಳೆ ನೋಡುವ ಸಂಖ್ಯೆ, ನೋಡಿಯೇ ಹಾಕುವುದು. ಆದರೆ ಎಕ್ಸ್‌ಝಡ್ ಹಿಡಿದ ಆಂಡ್ರೆಸ್ ಫ್ರಾಯಿಂಡ್ ಅವರ ಕಥೆ ಕೇಳಿ. ಲಾಗಿನ್ ಆಗುವುದು ಅರ್ಧ ಸೆಕೆಂಡ್ ತಡವಾಗುತ್ತಿದೆ ಅನ್ನಿಸಿ ಬೆನ್ನು ಹತ್ತಿದರು. ಅವರು ಕೆಲಸ ಮಾಡುತ್ತಿದ್ದದ್ದು ಮೈಕ್ರೋಸಾಫ್ಟ್‌ನಲ್ಲಿ! ಒಳಗೆ ಕೈಹಾಕಿ ನೋಡಲು ಬಾಗಿಲು ತೆರೆದಿದ್ದರಿಂದ ಅವರಿಗೆ ಅದು ಸಾಧ್ಯವಾಯಿತು. ನನ್ನ ಟೋನರ್ ವಿಷಯದಲ್ಲಿ ಯಾರಿಗೆ ಏನು ಸಾಧ್ಯವಾಯಿತು? ಈ ಉತ್ತರ ನನಗೆ ಹೊಳೆದಾಗ ಅವನ ಬಸ್ಸು ಹೊರಟಾಗಿತ್ತು.

ಈಗ ಆ ನಾಲ್ಕನೇ ಕಂಪ್ಯೂಟರ್. ಮದುವೆ ಕಾರ್ಡಿನ ಪ್ರೆಸ್ಸಿನವರು ಕೊಡುವ ನಮೂನೆಗಳು ವಿನ್ಯಾಸದ ತಂತ್ರಾಂಶ ಕೋರೆಲ್‌ಡ್ರಾದಲ್ಲಿ ಇರುತ್ತವೆ. ಹಳೇ ಗಿರಾಕಿಗಳ ಫೈಲು ಪೇಜ್‌ಮೇಕರ್‌ನಲ್ಲಿ. ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಬಯೋಮೆಟ್ರಿಕ್ ಸಾಧನಕ್ಕೆ, ಡಿಜಿಟಲ್ ಸಹಿಯ ಟೋಕನ್‌ಗೆ ಮಿಂಟ್‌ನಲ್ಲಿ ಡ್ರೈವರ್ ಹೊಂದಿಸಲು ಮೂರು ರಾತ್ರಿ ಕೂತೆ, ಆಗಲಿಲ್ಲ. ಲೆಕ್ಕಪತ್ರದ ಟ್ಯಾಲಿ ಕೂಡ ವಿಂಡೋಸ್‌ನದ್ದೇ. ನಿಮ್ಮ ಹೊಟ್ಟೆಪಾಡು ಇವುಗಳ ಮೇಲೆ ನಿಂತಿದ್ದರೆ ಮಿಂಟ್ ಒಂದನ್ನೇ ನಂಬಿ ಇಳಿಯಬೇಡಿ. ಇನ್ನೊಂದು ಎಚ್ಚರಿಕೆ: ಗಿರಾಕಿ ತರುವ ವರ್ಡ್ ಫೈಲಿನ ಫಾಂಟ್ ನಿಮ್ಮಲ್ಲಿ ಇಲ್ಲದಿದ್ದರೆ ಹತ್ತು ಪುಟದ ಪ್ರಾಜೆಕ್ಟು ಹನ್ನೊಂದು ಪುಟ ಆಗುತ್ತದೆ. ಪಿಡಿಎಫ್ ಮಾಡಿ ತನ್ನಿ ಅಂತ ಬೋರ್ಡ್ ಹಾಕಿದ್ದೇನೆ. ಯಾರೂ ಓದುವುದಿಲ್ಲ.

ಹೊಸ ವೈಫೈ ಡಾಂಗಲ್ ಕೊಳ್ಳುವ ಮೊದಲು ಲಿನಕ್ಸ್‌ನಲ್ಲಿ ನಡೆಯುತ್ತದಾ ಅಂತ ಹುಡುಕಿ. ನಾನು ಹುಡುಕದೆ ಎರಡು ಕೊಂಡಿದ್ದೇನೆ, ಎರಡೂ ಡ್ರಾಯರ್‌ನಲ್ಲಿವೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವೂ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಹೊಸದಿರಬೇಕು. ಆರು ವರ್ಷ ನನ್ನನ್ನು ನೋಡಿ ನಕ್ಕ ಎದುರಿನ ಮೊಬೈಲ್ ಅಂಗಡಿಯವರು ದೀಪಾವಳಿ ಕಳೆದ ಮೇಲೆ ಬಂದು "ಸಾರ್, ನಿಮ್ಮ ಆ ಪೆನ್ ಡ್ರೈವ್ ಇದೆಯಾ?" ಅಂದರು. ಹಾಕಿಕೊಟ್ಟೆ. ಅವರ ಬಿಲ್ಲಿಂಗ್ ತಂತ್ರಾಂಶ ನಡೆಯಲಿಲ್ಲ. ವಾಪಸ್ ಹೋಗಿ ಹೊಸ ಕಂಪ್ಯೂಟರ್ ಕೊಂಡರು, ಹಳೆಯದು ಈಗ ಅವರ ಮಗಳ ಓದಿಗೆ ಮಿಂಟ್‌ನಲ್ಲಿದೆ.

ಅಂಕ ಕೊಡಲೇಬೇಕು ಅಂದರೆ ಟೈಪಿಂಗ್, ಬ್ರೌಸರ್, ಪ್ರಾಜೆಕ್ಟ್ ಕೆಲಸಕ್ಕೆ ಐದಕ್ಕೆ ನಾಲ್ಕೂವರೆ. ಪೂರ್ತಿ ಡಿಟಿಪಿಗೆ ಮೂರು. ಕಾರ್ಡಿನ ಕೆಲಸಕ್ಕೆ ಎರಡು.

ಮೇಷ್ಟ್ರ ಪುಸ್ತಕವನ್ನು ಪರಿವರ್ತಕಕ್ಕೆ ಹಾಕಿ ಯೂನಿಕೋಡ್‌ಗೆ ತಂದೆ. ಮುಕ್ಕಾಲು ಪಾಲು ಸಲೀಸಾಗಿ ಬಂತು. ಅರ್ಕಾವತ್ತು ಇರುವ ಕಡೆಯೆಲ್ಲ ಎಡವಟ್ಟು. ಹಳೇ ಫಾಂಟ್‌ನಲ್ಲಿ ಅದು ಅಕ್ಷರ ಆದ ಮೇಲೆ ಕೂರುತ್ತಿತ್ತು, ಯೂನಿಕೋಡ್‌ನಲ್ಲಿ 'ರ' ಅಕ್ಷರಕ್ಕಿಂತ ಮೊದಲೇ ಬರಬೇಕು. ಸೂರ್ಯ, ಕಾರ್ಯ, ವರ್ಷ ಎಲ್ಲ ಕೈಯಲ್ಲೇ ತಿದ್ದಿದ್ದು. ಎರಡನೇ ಮುದ್ರಣ 2022ರಲ್ಲಿ ಬಂತು. ಫೈಲಿನ ಒಂದು ಪ್ರತಿಯನ್ನು ಮಗನಿಗೂ ಕೊಟ್ಟೆ. ಕಪಾಟಿನಲ್ಲಿ ಅಂಥ ಸಿಡಿಗಳು ಇನ್ನೂ ಅರವತ್ತರ ಮೇಲಿವೆ. ಸಿಡಿ ಓದುವ ಡ್ರೈವ್ ಉಳಿದಿರುವುದು ಆ ಮುದುಕನಲ್ಲಿ ಮಾತ್ರ. ಈ ಮಳೆಗಾಲ ವ್ಯಾಪಾರ ಕಡಿಮೆ ಇದ್ದಾಗ ದಿನಕ್ಕೆ ಒಂದರಂತೆ ತೆಗೆಯುತ್ತಿದ್ದೇನೆ.