ಮನೆಯಲ್ಲಿ ಎರೆದ ಪ್ಲಾಸ್ಟಿಕ್ ಹುಳುವಿಗೆ ಯಾವ ಬಣ್ಣ: ಮೇಣದ್ದೋ, ಪುಡಿಯೋ, ದ್ರವವೋ?

ಉತ್ತರ ಕೆರೊಲೈನಾದ ಜೋರ್ಡನ್ ಸರೋವರದಲ್ಲಿ ಲಾರ್ಜ್‌ಮೌತ್ ಬಾಸ್ ಮೀನಿಗೆ ಗಾಳ ಹಾಕುವ ನಾನು, ಅದಕ್ಕೆ ಬೇಕಾದ ಮೆತ್ತನೆಯ ಪ್ಲಾಸ್ಟಿಕ್ ಹುಳುಗಳನ್ನು ಮೂರು ವರ್ಷಗಳಿಂದ ಮನೆಯಲ್ಲೇ ಎರೆಯುತ್ತಿದ್ದೇನೆ. ಅಚ್ಚು ಯಾವುದು, ಪ್ಲಾಸ್ಟಿಸಾಲ್ ಯಾವುದು ಎಂಬುದು ಬೇಗ ತೀರ್ಮಾನವಾಯಿತು; ಬಣ್ಣದ ಪ್ರಶ್ನೆ ಮಾತ್ರ ಉಳಿದುಕೊಂಡಿತು. ಹಾಗಾಗಿ ಕಳೆದ ಚಳಿಗಾಲದಲ್ಲಿ ಒಂದೇ ಡಬ್ಬಿಯ ಪ್ಲಾಸ್ಟಿಸಾಲ್ ಮತ್ತು ಐದು ಅಂಗುಲದ ಒಂದೇ ಅಚ್ಚನ್ನು ಇಟ್ಟುಕೊಂಡು ಮೂರು ಬಗೆಯ ಬಣ್ಣಗಳನ್ನು ಅಕ್ಕಪಕ್ಕದಲ್ಲಿ ಪರೀಕ್ಷಿಸಿದೆ.

ಪ್ಲಾಸ್ಟಿಸಾಲ್ ಎಂದರೆ ಪ್ಲಾಸ್ಟಿಸೈಸರ್ ಎಂಬ ಎಣ್ಣೆಯಂಥ ದ್ರವದಲ್ಲಿ ತೇಲುವ ಪಿವಿಸಿಯ ಸೂಕ್ಷ್ಮ ಕಣಗಳು. ಸುಮಾರು 175 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಅವು ಒಂದಾಗಿ, ಆರಿದ ಮೇಲೆ ರಬ್ಬರಿನಂತಾಗುತ್ತವೆ. ಆದ್ದರಿಂದ ಬಣ್ಣವು ಆ ಶಾಖವನ್ನು ತಾಳಬೇಕು, ಆ ಎಣ್ಣೆಯಲ್ಲಿ ಸಮವಾಗಿ ಹರಡಬೇಕು, ಹುಳು ಗಟ್ಟಿಯಾದ ಮೇಲೆ ಇದ್ದಲ್ಲೇ ಇರಬೇಕು. ಅಡುಗೆ ಬಣ್ಣವನ್ನು ನಾನು ಪರೀಕ್ಷೆಗೂ ತೆಗೆದುಕೊಳ್ಳಲಿಲ್ಲ, ಏಕೆಂದರೆ ಅದರಲ್ಲಿರುವ ನೀರು ಅಷ್ಟು ಬಿಸಿಯಲ್ಲಿ ಹಠಾತ್ತನೆ ಆವಿಯಾಗಿ ಕಾದ ಪ್ಲಾಸ್ಟಿಕ್ಕನ್ನು ಕೈಮುಖಕ್ಕೆ ಸಿಡಿಸುತ್ತದೆ. ದಯವಿಟ್ಟು ಯಾರೂ ಅದನ್ನು ಪ್ರಯತ್ನಿಸಬೇಡಿ.

ಮೇಣದಬತ್ತಿಗೆ ಹಾಕುವ, ಎಣ್ಣೆಯಲ್ಲಿ ಕರಗುವ ಬಣ್ಣವೇ ಮೂರರಲ್ಲಿ ಅಗ್ಗ. ಬಟ್ಟಲಿನಲ್ಲಿ ನೋಡಿದರೆ ಅತ್ಯಂತ ಸುಂದರವೂ ಅದೇ: ದಾಳಿಂಬೆ ಕಾಳಿನಂಥ ಪಾರದರ್ಶಕ ಕೆಂಪು. ಆದರೆ ಹೊಸ ಸೀರೆ ಮೊದಲ ಒಗೆತಕ್ಕೆ ಬಣ್ಣ ಬಿಡುವಂತೆ ಮರುದಿನವೇ ಅದು ಬೆರಳಿಗೆ ಹತ್ತಿತು. ಎರಡು ವಾರಗಳಲ್ಲಿ, ಅದೇ ಪೆಟ್ಟಿಗೆಯಲ್ಲಿ ತಾಗಿಕೊಂಡಿದ್ದ ಬಿಳಿ ಹುಳುಗಳೆಲ್ಲ ಗುಲಾಬಿಯಾದವು. ಅದಕ್ಕೆ ಕಾರಣವಿದೆ: ಈ ಬಣ್ಣ ಪ್ಲಾಸ್ಟಿಸೈಸರ್‌ನಲ್ಲಿ ಕರಗಿರುತ್ತದೆ, ಹುಳುವಿನಿಂದ ಹುಳುವಿಗೆ ಪ್ಲಾಸ್ಟಿಸೈಸರ್ ಸರಿಯುವಾಗ ತಾನೂ ಜೊತೆಯಲ್ಲಿ ಸರಿಯುತ್ತದೆ. ಉಳಿದದ್ದನ್ನು ನಾನು ಎಸೆದುಬಿಟ್ಟೆ.

ಅಭ್ರಕದ ಮಿನುಗು ಪುಡಿ ಖನಿಜವಾದ್ದರಿಂದ ಕರಗುವುದೂ ಇಲ್ಲ, ಸರಿಯುವುದೂ ಇಲ್ಲ. ಅದರ ತೊಡಕು ಗಂಟು. ಬಿಸಿ ಪ್ಲಾಸ್ಟಿಕ್ಕಿಗೆ ನೇರವಾಗಿ ಸುರಿದರೆ, ಕುದಿಯುವ ನೀರಿಗೆ ರಾಗಿ ಹಿಟ್ಟು ಸುರಿದಂತಾಗುತ್ತದೆ. ಅಂಬಲಿಗೆ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿಕೊಳ್ಳುವಂತೆ, ಇದನ್ನೂ ಮೊದಲು ಒಂದು ಚಮಚ ತಣ್ಣನೆಯ ಪ್ಲಾಸ್ಟಿಸಾಲ್‌ನಲ್ಲಿ ಕದಡಿಕೊಂಡೆ, ಗಂಟು ಹೋಯಿತು. ಪುಡಿ ತಳಕ್ಕಿಳಿಯುವುದರಿಂದ ಪ್ರತಿ ಸಲ ಎರೆಯುವ ಮುನ್ನ ಕಲಕಲೇಬೇಕು. ಮೂಗಿಗೆ ಮುಸುಕು ಬೇಕು. ಇಷ್ಟಾದರೂ ಅದು ಮೀನಿನ ಹೊಟ್ಟೆಯಂಥ ಹೊಳಪನ್ನು ಕೊಡುತ್ತದೆಯೇ ಹೊರತು ಗಾಢ ಬಣ್ಣವನ್ನಲ್ಲ.

ಪ್ಲಾಸ್ಟಿಸೈಸರ್‌ನಲ್ಲೇ ಅರೆದು ಇಟ್ಟ ದ್ರವ ಬಣ್ಣಕ್ಕೆ ನನ್ನ ಮತ. ಇದರಲ್ಲಿ ಹನಿಯ ಲೆಕ್ಕ ಇಡಬಹುದು. 120 ಮಿಲಿಲೀಟರಿಗೆ ಹದಿನಾಲ್ಕು ಹನಿ ಹಾಕಿ ಪಡೆದ ಕುಂಬಳಕಾಯಿ ಸಿಪ್ಪೆಯ ಮಾಸಲು ಹಸಿರು, ಒಂದು ತಿಂಗಳ ನಂತರ ಅದೇ ಲೆಕ್ಕದಲ್ಲಿ ಎರೆದಾಗಲೂ ಕಣ್ಣಿಗೆ ವ್ಯತ್ಯಾಸ ಕಾಣದಂತೆ ಬಂತು. ಸೀಸೆಯನ್ನು ಚೆನ್ನಾಗಿ ಕುಲುಕದೆ ಹಾಕಿದ ಒಂದು ಸಲ ಮಾತ್ರ ಪೇಲವವಾಯಿತು, ಏಕೆಂದರೆ ಕಣಗಳು ಅಡಿಯಲ್ಲಿ ಕೂತಿದ್ದವು. ಆದರೆ ದ್ರವವೆಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ: ಕಪ್ಪು, ಬಿಳಿ, ಕಂದು ಕದಲಲಿಲ್ಲ, ಕಣ್ಣು ಕುಕ್ಕುವ ಹಳದಿ ಹಸಿರು ಮಾತ್ರ ಮೇಣದ ಬಣ್ಣದಂತೆಯೇ ಪಕ್ಕದ ಹುಳುಗಳಿಗೆ ಅಂಟಿತು. ಪ್ರತಿದೀಪ್ತ (ಫ್ಲೋರೊಸೆಂಟ್) ಬಣ್ಣಗಳ ಸ್ವಭಾವವೇ ಅದು.

ಆ ಹಳದಿ ಹಸಿರನ್ನು ಬಿಡಲು ಮನಸ್ಸಿರಲಿಲ್ಲ, ಕದಡಿದ ನೀರಿಗೆ ಅದೇ ಬೇಕೆಂದು ನಂಬಿದ್ದೆ. ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಲಾರ್ಜ್‌ಮೌತ್ ಬಾಸ್ ಮೀನಿನ ಕಣ್ಣಿನಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳು ಎರಡೇ ಬಗೆ: ಕೆಂಪಿಗೆ ಸ್ಪಂದಿಸುವವು ಮತ್ತು ಹಸಿರಿಗೆ ಸ್ಪಂದಿಸುವವು. ಅದಕ್ಕೆ ಹಳದಿ ಹಸಿರನ್ನು ಬಿಳಿಯಿಂದಲೂ ನೀಲಿಯನ್ನು ಕಪ್ಪಿನಿಂದಲೂ ಬೇರ್ಪಡಿಸುವುದು ಕಷ್ಟ. ಹಾಗಿದ್ದರೆ ಪೆಟ್ಟಿಗೆಯನ್ನೆಲ್ಲ ಕೆಡಿಸುವ ಬಣ್ಣವೇ ಏಕೆ ಎಂದು, ಈ ವಸಂತದಲ್ಲಿ ಕಪ್ಪು ಹುಳುವಿನ ಬಾಲಕ್ಕೆ ಬಿಳಿಯನ್ನೇ ಎರೆದೆ. ಮಳೆ ಬಂದು ನೀರು ಕೆಂಪಾಗಿದ್ದ ಬೆಳಗುಗಳಲ್ಲಿ ಅವುಗಳಿಗೆ ಮೊದಲಿನಷ್ಟೇ ಮೀನು ಕಚ್ಚಿದವು, ಪೆಟ್ಟಿಗೆಯಲ್ಲಿ ಬಾಲಗಳು ಇಂದಿಗೂ ಬಿಳಿಯಾಗಿಯೇ ಇವೆ.