ಗೋಣಿಚೀಲವೋ, ಟವೆಲ್ಲೋ? ಪಿಚಿಂಗ್ ಕಂಟ್ರೋಲ್‌ಗೆ ನಾನು ಮಾಡಿ ನೋಡಿದ ಅಭ್ಯಾಸಗಳು

ಕೊಡಗಿನಲ್ಲಿ ಹಾಕಿ ಸ್ಟಿಕ್ ಹಿಡಿದರೆ ತಿದ್ದುವವರಿಗೆ ಬರ ಇಲ್ಲ. ದಾರಿಯಲ್ಲಿ ಹೋಗುವ ಅಜ್ಜನೂ ಒಂದು ಗಳಿಗೆ ನಿಂತು, "ಸ್ವಲ್ಪ ಬಗ್ಗು ಮಗ" ಅಂತ ಹೇಳಿ ಹೋಗುತ್ತಾರೆ. ಬೇಸ್‌ಬಾಲ್ ಹಿಡಿದರೆ ಹಾಗಲ್ಲ. ಕೋಚ್ ಸಿಗುವುದು ಕಷ್ಟ, ಮೊಬೈಲೇ ಗುರು. ಆ ಗುರುವಿನ ಬಾಯಲ್ಲಿ ದಿನಕ್ಕೊಂದು ಮಾತು. ಗುರಿ ಕಟ್ಟಿಕೊಂಡು ಎಸೆ ಅನ್ನುತ್ತಾರೆ ಒಬ್ಬರು. ಬಾಲೇ ಬೇಡ, ಟವೆಲ್ ಬೀಸು ಅನ್ನುತ್ತಾರೆ ಇನ್ನೊಬ್ಬರು. ದೂರ ಎಸೆದರೆ ಎಲ್ಲ ಸರಿಹೋಗುತ್ತದೆ ಅನ್ನುವವರಿದ್ದಾರೆ, ಭಾರದ ಬಾಲ್ ಎಸೆದರೆ ಕೈ ತಾನೇ ದಾರಿ ಹಿಡಿಯುತ್ತದೆ ಅನ್ನುವವರೂ ಇದ್ದಾರೆ. ನಾನು ಅಮ್ಮತ್ತಿ ಕಡೆಯವನು, ಬಲಗೈ ಪಿಚರ್, ಅಂದರೆ ಬ್ಯಾಟರ್‌ಗೆ ಬಾಲ್ ಎಸೆಯುವವನು. ವೇಗ ಇತ್ತು, ಕಂಟ್ರೋಲ್ ಬೇಕಿತ್ತು, ಅಂದರೆ ಬಾಲ್ ಅಂದುಕೊಂಡ ಜಾಗಕ್ಕೇ ಹೋಗಬೇಕಿತ್ತು. ಹಾಗಾಗಿ ಇವನ್ನೆಲ್ಲ ಒಂದರ ಪಕ್ಕ ಒಂದು ಇಟ್ಟು ಮಾಡಿ ನೋಡಿದೆ.

ಮೊದಲು ಸ್ವಲ್ಪ ಲೆಕ್ಕ. ಪಿಚರ್ ಕಾಲಿಡುವ ರಬ್ಬರ್ ಪಟ್ಟಿಯಿಂದ ಬ್ಯಾಟರ್ ಪಕ್ಕದಲ್ಲಿ ನೆಲದ ಮೇಲಿರುವ ಹೋಮ್ ಪ್ಲೇಟ್‌ಗೆ 60 ಅಡಿ 6 ಇಂಚು, ಅಂದರೆ 18.44 ಮೀಟರ್. ಪ್ಲೇಟಿನ ಅಗಲ 17 ಇಂಚು, ಸುಮಾರು 43 ಸೆಂ.ಮೀ. ಬಾಲ್ ಕೈ ಬಿಡುವಾಗ ದಿಕ್ಕು ಒಂದೇ ಒಂದು ಡಿಗ್ರಿ ತಪ್ಪಿದರೆ, ಅದು ಪ್ಲೇಟ್ ತಲುಪುವಷ್ಟರಲ್ಲಿ ಹೆಚ್ಚುಕಡಿಮೆ 30 ಸೆಂ.ಮೀ. ಆಚೆ ಹೋಗಿರುತ್ತದೆ. ನಡುಮಧ್ಯಕ್ಕೆ ಗುರಿ ಇಟ್ಟಿದ್ದರೂ ಪ್ಲೇಟಿನ ಅಂಚು ದಾಟಿದ ಹಾಗೆ. ಇಷ್ಟು ಸಣ್ಣ ತಪ್ಪನ್ನು ಬೆರಳಿನಿಂದಲೋ ಮಣಿಕಟ್ಟಿನಿಂದಲೋ ಕೊನೇ ಕ್ಷಣದಲ್ಲಿ ತಿದ್ದಲು ಆಗುವುದಿಲ್ಲ. ಕೈ ಅಷ್ಟು ಜೋರಾಗಿ ಬರುತ್ತಿರುತ್ತದೆ. ಕೈ ಬರುವ ಮೊದಲೇ ಮೈ ಪ್ರತಿ ಸಲ ಒಂದೇ ಜಾಗಕ್ಕೆ ಬಂದಿರಬೇಕು. ಬಲಗೈ ಪಿಚರ್‌ಗೆ ಆ ಜಾಗ ಎಲ್ಲಿ ಶುರುವಾಗುತ್ತದೆ ಅಂದರೆ ಎಡಗಾಲು ನೆಲಕ್ಕೆ ಬೀಳುವಲ್ಲಿ.

ಅದಕ್ಕೇ ನಾನು ಎಷ್ಟು ಸ್ಟ್ರೈಕ್ (ಪ್ಲೇಟಿನ ಮೇಲೆ, ಸರಿಯಾದ ಎತ್ತರದಲ್ಲಿ ಹೋದ ಎಸೆತ) ಬಿತ್ತು ಅಂತ ಮಾತ್ರ ನೋಡಲಿಲ್ಲ. ಎಡಗಾಲು ಎಲ್ಲಿ ಬಿತ್ತು ಅಂತಲೂ ನೋಡಿದೆ. ಇದಕ್ಕೆ ದುಬಾರಿ ಸಾಮಾನು ಏನೂ ಬೇಡ. ಮಳೆಗಾಲದಲ್ಲಿ ಕಾಫಿ ಕಣ ಖಾಲಿ ಬಿದ್ದಿರುತ್ತದೆ. ತೋಟಕ್ಕೆ ಹಾಕುವ ಸುಣ್ಣದ ಪುಡಿ ಶೆಡ್ಡಿನಲ್ಲಿ ಇದ್ದೇ ಇರುತ್ತದೆ. ಮಳೆ ಬಿಟ್ಟು ಸಿಮೆಂಟ್ ಒಣಗಿದಾಗ, ಕಾಲು ಬೀಳುವ ಕಡೆ ಪುಡಿಯನ್ನು ತೆಳ್ಳಗೆ ಉದುರಿಸಿದರೆ ಬೂಟಿನ ಗುರುತು ಅಚ್ಚೊತ್ತಿದ ಹಾಗೆ ನಿಲ್ಲುತ್ತದೆ. ಬಲಗಾಲಿನಿಂದ ಪ್ಲೇಟಿನ ನಡುವಿಗೆ ಒಂದು ದಾರ ಎಳೆದು ಕಟ್ಟಿದರೆ, ಗುರುತು ದಾರದ ಎಡಕ್ಕೋ ಬಲಕ್ಕೋ ಅಂತ ಗೊತ್ತಾಗುತ್ತದೆ. ಜೊತೆಗೆ ಮೊಬೈಲ್‌ನ ಸ್ಲೋ ಮೋಷನ್. ಪ್ಲೇಟಿನ ಹಿಂದೆ ಕೂತು ಬಾಲ್ ಹಿಡಿಯುವ ಕ್ಯಾಚರ್ ನನ್ನ ಚಿಕ್ಕಪ್ಪನ ಮಗ, ಹಾಕಿಯಲ್ಲಿ ಗೋಲ್‌ಕೀಪರ್. ಅವನ ಹೆಲ್ಮೆಟ್ ಇಲ್ಲಿಯೂ ಉಪಯೋಗಕ್ಕೆ ಬಂತು. ಅವನ ಬಾಯಿ ಅದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂತು.

ಗೋಣಿಚೀಲದ ಗುರಿ

ಎಲ್ಲಕ್ಕಿಂತ ಸುಲಭ ಇದು. ಗೋಣಿಚೀಲವನ್ನು 17 ಇಂಚು ಅಗಲಕ್ಕೆ ಮಡಚಿ, ಮೊಣಕಾಲಿನಿಂದ ಎದೆ ಹತ್ತಿರದವರೆಗಿನ ಎತ್ತರದಲ್ಲಿ ಟಾರ್ಪಾಲಿನ ಮುಂದೆ ಕಟ್ಟಿದರೆ ಸ್ಟ್ರೈಕ್ ಝೋನ್ ಸಿದ್ಧ. ಕ್ಯಾಚರ್ ಬೇಕಿಲ್ಲ. ಬಾಲ್ ಬಡಿದರೆ 'ಧಪ್' ಅಂತ ಸದ್ದು. ಆ ಸದ್ದು ಕೇಳಲು ಖುಷಿ, ಅಭ್ಯಾಸ ಬೇಜಾರಾಗುವುದಿಲ್ಲ.

ತೊಂದರೆ ಇರುವುದೂ ಆ ಸದ್ದಿನಲ್ಲೇ. ಚೀಲಕ್ಕೆ ಬಡಿಯಬೇಕು ಅನ್ನುವ ಆಸೆ ಬಂದ ತಕ್ಷಣ ಮೈ ಅಡ್ಡದಾರಿ ಹುಡುಕುತ್ತದೆ. ಸುಣ್ಣದ ಮೇಲೆ ನೋಡಿದರೆ ಎಡಗಾಲಿನ ಗುರುತು ಒಂದು ಇಲ್ಲಿ, ಒಂದು ಅಲ್ಲಿ. ಆದರೂ ಚೀಲಕ್ಕೆ ಬಡಿದಿರುತ್ತದೆ. ಕಾಲು ತಪ್ಪಿದ್ದನ್ನು ಕೈ ಸರಿತೂಗಿಸಿರುತ್ತದೆ, ಅಷ್ಟೇ. ನಿಧಾನಕ್ಕೆ ಎಸೆಯುವಾಗ ಈ ಹೊಂದಾಣಿಕೆ ನಡೆಯುತ್ತದೆ. ಬ್ಯಾಟರ್ ಎದುರು ನಿಂತು ಪೂರ್ತಿ ಜೋರು ಹಾಕಿದಾಗ ನಡೆಯುವುದಿಲ್ಲ. ಕೈಲ್ ಪೊಳ್ದ್ ಹಬ್ಬದಲ್ಲಿ ಮರದ ತುದಿಯ ತೆಂಗಿನಕಾಯಿಗೆ ಗುಂಡು ಹೊಡೆಯುವವರನ್ನು ನೋಡಿ. ಚೆನ್ನಾಗಿ ಹೊಡೆಯುವವರು ಮೊದಲು ಕಾಲು ಊರುತ್ತಾರೆ, ಭುಜಕ್ಕೆ ಕೋವಿ ಒತ್ತಿಕೊಳ್ಳುತ್ತಾರೆ, ಕೆನ್ನೆ ಇಡುತ್ತಾರೆ. ಕಾಯಿಯ ವಿಷಯ ಆಮೇಲೆ. ಗೋಣಿಚೀಲ ನಮ್ಮನ್ನು ಸೀದಾ ಕಾಯಿಯ ಹತ್ತಿರ ಕರೆದುಕೊಂಡು ಹೋಗುತ್ತದೆ.

ಇನ್ನೊಂದು ಅಪಾಯ. ಒಬ್ಬರೇ ಇರುವಾಗ ಎಸೆತಗಳ ಲೆಕ್ಕ ತಪ್ಪುತ್ತದೆ. ಶಾಲೆ, ಕಾಲೇಜು ಹುಡುಗರು ಇದನ್ನು ಮಾಡುವುದಾದರೆ ಅಮೆರಿಕದ 'ಪಿಚ್ ಸ್ಮಾರ್ಟ್' ಮಾರ್ಗಸೂಚಿ ನೋಡಿಕೊಳ್ಳುವುದು ಒಳ್ಳೆಯದು. 15-16 ವಯಸ್ಸಿನವರು ಪಂದ್ಯದಲ್ಲಿ ದಿನಕ್ಕೆ 95 ಎಸೆತ ದಾಟಬಾರದು, 76 ಅಥವಾ ಜಾಸ್ತಿ ಎಸೆದರೆ ನಾಲ್ಕು ದಿನ ಬಿಡುವು ಬೇಕು ಅನ್ನುತ್ತದೆ ಅದು. ಗೋಣಿಚೀಲಕ್ಕೆ ಎಸೆದದ್ದನ್ನು ಮೊಣಕೈ ಬೇರೆ ಲೆಕ್ಕದಲ್ಲಿ ಬರೆದುಕೊಳ್ಳುವುದಿಲ್ಲ ಅಲ್ವಾ?

ಟವೆಲ್ ಡ್ರಿಲ್

ಇದಕ್ಕೆ ಹೆಸರು ತಂದವರು ಟಾಮ್ ಹೌಸ್ ಅನ್ನುವ ಅಮೆರಿಕದ ಪಿಚಿಂಗ್ ಕೋಚ್. ತೋರುಬೆರಳು, ನಡುಬೆರಳಿನ ನಡುವೆ ಸಣ್ಣ ಟವೆಲ್ ಸಿಕ್ಕಿಸಿಕೊಂಡು ಪೂರ್ತಿ ಪಿಚಿಂಗ್ ಚಲನೆ ಮಾಡಬೇಕು. ಎದುರಿಗೆ ಒಬ್ಬರು ಮಂಡಿಯೂರಿ ಗ್ಲೌಸ್ ಹಿಡಿದಿರುತ್ತಾರೆ. ಎಡಗಾಲು ಸರಿಯಾಗಿ ಬಿದ್ದು, ಮೈ ಪೂರ್ತಿ ಮುಂದೆ ಬಂದರೆ ಮಾತ್ರ ಟವೆಲ್ಲಿನ ತುದಿ ಗ್ಲೌಸಿಗೆ ತಾಗುವಷ್ಟು ದೂರ.

ನೋಡುವವರಿಗೆ ಇದು ತಮಾಷೆ. ತೋಟದ ಕೆಲಸಕ್ಕೆ ಬಂದವರು, "ಸೊಳ್ಳೆ ಓಡಿಸ್ತಿದ್ದೀರಾ?" ಅಂತ ಕೇಳಿದ್ದೂ ಇದೆ. ಆದರೆ ಸುಣ್ಣದ ಮೇಲಿನ ಗುರುತು ಬೇರೆ ಕಥೆ ಹೇಳಿತು. ಬಾಲ್ ಎಲ್ಲಿ ಹೋಯಿತು ಅನ್ನುವ ಚಿಂತೆ ಇಲ್ಲದ ಕಾರಣ ಗಮನ ಪೂರ್ತಿ ಕಾಲಿನ ಮೇಲೆ, ಸೊಂಟದ ಮೇಲೆ. ಗುರುತುಗಳು ಒಂದರ ಮೇಲೊಂದು ಬೀಳತೊಡಗಿದವು. ಎಡಗಾಲು ಎಲ್ಲಿ ಬಿದ್ದರೆ ಏನಾಗುತ್ತದೆ ಅನ್ನುವುದೂ ಇಲ್ಲೇ ಮೈಗೆ ಅರ್ಥವಾಗಿದ್ದು. ದಾರಕ್ಕಿಂತ ತುಂಬ ಎಡಕ್ಕೆ ಬಿದ್ದರೆ ಸೊಂಟ, ಭುಜ ಬೇಗ ತೆರೆದುಕೊಳ್ಳುತ್ತವೆ. ಕೈ ಹಿಂದೆ ಉಳಿಯುತ್ತದೆ. ನಿಜವಾದ ಬಾಲ್ ಆಗಿದ್ದರೆ ಅದು ಮೇಲಕ್ಕೆ, ನನ್ನ ಬಲಕ್ಕೆ ಹೋಗುತ್ತದೆ. ತುಂಬ ಬಲಕ್ಕೆ ಬಿದ್ದರೆ ಸೊಂಟ ತಿರುಗಲು ಜಾಗವೇ ಇಲ್ಲ, ಮೈಗೆ ಅಡ್ಡವಾಗಿ ಎಸೆಯಬೇಕಾಗುತ್ತದೆ. ಹೆಜ್ಜೆಯ ಉದ್ದವೂ ಮುಖ್ಯ. ನಮ್ಮ ಎತ್ತರದ ಸುಮಾರು 80ರಿಂದ 90 ಶೇಕಡಾ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಆ ಉದ್ದದ ಕೆಳತುದಿಯೇ ಹೊಂದಿತು. ಅದಕ್ಕಿಂತ ಜಾಸ್ತಿ ಚಾಚಿದರೆ ಮೈ ಕಾಲಿನ ಹಿಂದೆ ಉಳಿದು ಬಾಲ್ ಎತ್ತರಕ್ಕೆ ಏಳುತ್ತಿತ್ತು.

ಇದಕ್ಕೂ ಒಂದು ಕಳ್ಳದಾರಿ ಇದೆ. ಗ್ಲೌಸ್ ಮುಟ್ಟುವ ಆತುರಕ್ಕೆ ಸೊಂಟದಿಂದ ಮುಂದಕ್ಕೆ ಬಾಗಿಬಿಡಬಹುದು. ಮೊಬೈಲ್ ವಿಡಿಯೊ ಇಲ್ಲದಿದ್ದರೆ ಅದು ಗೊತ್ತಾಗುವುದಿಲ್ಲ. ಟವೆಲ್‌ಗೆ ಬಾಲಿನ ತೂಕವೂ ಇಲ್ಲ, ಹೊಲಿಗೆಯೂ ಇಲ್ಲ. ಬೆರಳು ಬಾಲನ್ನು ಬಿಡುವ ಕೆಲಸವನ್ನು ಇದು ಕಲಿಸುವುದಿಲ್ಲ. ಟವೆಲ್ ಮಾತ್ರ ಮಾಡಿ ಮೈದಾನಕ್ಕೆ ಇಳಿದರೆ ಕಾಲು ಸರಿ, ಬಾಲ್ ಎಲ್ಲೋ.

ಕಾಲಿನ ಮಾತು ಬಂದಾಗ ರ‍್ಯಾಂಡಿ ಜಾನ್ಸನ್ ವಿಷಯ ಹೇಳಲೇಬೇಕು. 6 ಅಡಿ 10 ಇಂಚಿನ ಆಳು, ಎಡಗೈ ಪಿಚರ್, ಭಯಂಕರ ವೇಗ. 1990, 91, 92 ಮೂರೂ ವರ್ಷ ಅಮೆರಿಕನ್ ಲೀಗ್‌ನಲ್ಲಿ ಅತಿ ಹೆಚ್ಚು ವಾಕ್ (ನಾಲ್ಕು ಎಸೆತ ಸ್ಟ್ರೈಕ್ ಝೋನ್ ತಪ್ಪಿದರೆ ಬ್ಯಾಟರ್‌ಗೆ ಬಿಟ್ಟಿ ಸಿಗುವ ಮೊದಲ ಬೇಸ್) ಕೊಟ್ಟವರು ಅವರೇ. 1992ರಲ್ಲಿ ಇದೇ ಟಾಮ್ ಹೌಸ್ ಮತ್ತು ಹೆಸರಾಂತ ಪಿಚರ್ ನೋಲನ್ ರಯಾನ್ ಇಬ್ಬರೂ ಜಾನ್ಸನ್‌ಗೆ ಒಂದು ಮಾತು ಹೇಳಿದರು. ಮುಂದಿನ ಕಾಲನ್ನು ಹಿಮ್ಮಡಿ ಮೇಲೆ ಊರಬೇಡ, ಪಾದದ ಮುಂಭಾಗದ ಮೇಲೆ ಊರು ಅಂತ. ಹಿಮ್ಮಡಿ ಮೇಲೆ ಬಿದ್ದಾಗ ಅವರ ಮೈ ಪಕ್ಕಕ್ಕೆ ತಿರುಗಿ ಹೋಗುತ್ತಿತ್ತು. 1992ರಲ್ಲಿ 144 ಇದ್ದ ವಾಕ್ 1993ರಲ್ಲಿ 99ಕ್ಕೆ ಇಳಿಯಿತು, ಅದೇ ವರ್ಷ 308 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್). ಬರೀ ಆ ಒಂದು ಮಾತಿನಿಂದಲೇ ಎಲ್ಲ ಆಯಿತು ಅಂತ ನಾನು ಹೇಳುವುದಿಲ್ಲ. ಆದರೆ ಅಂಥ ದೈತ್ಯನಿಗೂ ತಿದ್ದಿದ್ದು ಕೈಯನ್ನಲ್ಲ, ಪಾದವನ್ನು.

ದೂರದ ಎಸೆತ, ಭಾರದ ಬಾಲ್

ಲಾಂಗ್ ಟಾಸ್‌ಗೆ ನಮ್ಮಲ್ಲಿ ಜಾಗದ ಕೊರತೆ ಇಲ್ಲ, ಹಾಕಿ ಮೈದಾನ ಇದೆ. ಅಳತೆಯೂ ಬಿಟ್ಟಿ ಸಿಗುತ್ತದೆ. ಮೈದಾನದ ಉದ್ದ 91.4 ಮೀಟರ್. ಗೋಲ್ ಗೆರೆಯಿಂದ 23 ಮೀಟರ್ ಗೆರೆಗೆ ಒಂದು ಸುತ್ತು ಎಸೆದು, ಅಲ್ಲಿಂದ ನಡುಗೆರೆವರೆಗೆ ಹಿಂದೆ ಹೋಗಬಹುದು. ಕೈ ಬೆಚ್ಚಗಾಗಲು, ಬಲ ಬರಲು ಇದು ಒಳ್ಳೆಯದು. ಮೈ ಸಡಿಲವಾಗುತ್ತದೆ, ಹಾಯಾಗಿರುತ್ತದೆ. ಕಂಟ್ರೋಲ್‌ಗೆ ಮಾತ್ರ ನನಗೆ ಲಾಭ ಕಾಣಲಿಲ್ಲ. ದೂರ ಹೋಗಬೇಕಾದರೆ ಬಾಲ್ ಎತ್ತರಕ್ಕೆ ಏಳಬೇಕು. ಅದಕ್ಕೆ ಎದೆ ಹಿಂದಕ್ಕೆ ವಾಲುತ್ತದೆ, ಬಾಲನ್ನು ಬೇಗ ಬಿಡುತ್ತೇವೆ. ಪಿಚರ್ ನಿಲ್ಲುವ ಮಣ್ಣಿನ ದಿಬ್ಬ, ಅಂದರೆ ಮೌಂಡ್, ಇರುವುದು 10 ಇಂಚು ಎತ್ತರದಲ್ಲಿ, ಅಲ್ಲಿಂದ ಇಳಿಜಾರಿನಲ್ಲಿ ಕೆಳಕ್ಕೆ ಎಸೆಯಬೇಕು. ಎರಡೂ ಬೇರೆ ಬೇರೆ ಕೆಲಸ. ಲಾಂಗ್ ಟಾಸ್ ಮುಗಿಸಿ ನೇರ ಪಿಚಿಂಗ್‌ಗೆ ನಿಂತ ದಿನ ನನ್ನ ತಮ್ಮ ಹೆಲ್ಮೆಟ್ ಎತ್ತಿ, "ಅಣ್ಣಾ, ಎಲ್ಲಾ ನನ್ನ ತಲೆ ಮೇಲೇ ಹೋಗ್ತಾ ಇದೆ. ಸಿಲ್ವರ್ ಓಕ್ ಮೇಲಿರೋ ಮೆಣಸು ಉದುರಿಸೋದಾ?" ಅಂದ.

ಭಾರದ ಬಾಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೇಸ್‌ಬಾಲ್ ತೂಗುವುದು 142ರಿಂದ 149 ಗ್ರಾಂ, ಹಾಕಿ ಬಾಲ್ 156ರಿಂದ 163 ಗ್ರಾಂ. ಮನೆಯಲ್ಲಿ ಹಾಕಿ ಬಾಲ್ ಇತ್ತು, ಸುಮ್ನೆ ನೋಡೋಣ ಅಂತ ಎಸೆದೆ. ಹಿಡಿಯಲು ಹೊಲಿಗೆ ಇಲ್ಲ, ಬೆರಳು ಜಾರುತ್ತದೆ, ಬಾಲ್ ಬಿಡುವ ಅಂದಾಜೇ ಕೆಡುತ್ತದೆ. ಕಲ್ಲಿನ ಹಾಗಿರುವುದರಿಂದ ಹಿಡಿಯುವವನ ಗತಿಯೂ ಕಷ್ಟ. ತರಬೇತಿಗೆಂದೇ ಮಾಡಿದ ಭಾರದ ಬಾಲ್‌ಗಳು ಬೇರೆ, ಅವುಗಳ ಗುರಿ ಮುಖ್ಯವಾಗಿ ವೇಗ. ಪಕ್ಕದಲ್ಲಿ ತಿಳಿದ ಕೋಚ್ ಇಲ್ಲದೆ ಹದಿಹರೆಯದವರು ಅದನ್ನು ಮುಟ್ಟಬಾರದು ಅನ್ನುವುದು ನನ್ನ ಅಭಿಪ್ರಾಯ.

ಕಾಲು ಎತ್ತಿ ಒಂಟಿಕಾಲಲ್ಲಿ ನಿಂತು ಆಮೇಲೆ ಎಸೆಯುವ ಬ್ಯಾಲೆನ್ಸ್ ಅಭ್ಯಾಸವನ್ನೂ ಮಾಡಿದೆ. ಪಂದ್ಯದಲ್ಲಿ ಯಾರೂ ಹಾಗೆ ನಿಲ್ಲುವುದಿಲ್ಲ. ಬಿಟ್ಟೆ.

ವೈಂಡಪ್ ಮತ್ತು ಸ್ಟ್ರೆಚ್

ಇದು ಅಭ್ಯಾಸಗಳ ಪೈಪೋಟಿ ಅಲ್ಲ, ಎಸೆಯುವ ಶೈಲಿಗಳ ಪೈಪೋಟಿ. ಆದರೆ ಕಂಟ್ರೋಲ್‌ನಲ್ಲಿ ಅತಿ ದೊಡ್ಡ ವ್ಯತ್ಯಾಸ ಕಂಡದ್ದು ಇಲ್ಲೇ. ಪೂರ್ತಿ ವೈಂಡಪ್‌ನಲ್ಲಿ ಪ್ಲೇಟಿಗೆ ಎದುರಾಗಿ ನಿಂತು, ಒಂದು ಕಾಲು ಹಿಂದಿಟ್ಟು, ಮೈ ತಿರುಗಿಸಿ, ಕಾಲು ಎತ್ತಿ, ಆಮೇಲೆ ಮುಂದೆ ಬರಬೇಕು. ಸ್ಟ್ರೆಚ್‌ನಲ್ಲಿ ಮೊದಲೇ ಪಕ್ಕಕ್ಕೆ ತಿರುಗಿ ನಿಂತಿರುತ್ತೇವೆ. ಕಾಲು ಎತ್ತುವುದು, ಬರುವುದು, ಅಷ್ಟೇ. ಚಲನೆ ಕಡಿಮೆ ಆದಷ್ಟೂ ತಪ್ಪಲು ಜಾಗ ಕಡಿಮೆ. ವೈಂಡಪ್ ಮಾಡಿದಾಗ ಸುಣ್ಣದ ಮೇಲಿನ ಗುರುತುಗಳು ಚದುರುತ್ತಿದ್ದವು, ಅದರಲ್ಲೂ ಸುಸ್ತಾದ ಮೇಲೆ. ಸ್ಟ್ರೆಚ್‌ನಲ್ಲಿ ಸುಸ್ತಾದರೂ ಒಂದು ಗುಂಪಾಗಿ ಉಳಿಯುತ್ತಿದ್ದವು. ವೇಗ ಕಡಿಮೆಯಾಯಿತಾ ಅಂತ ತಮ್ಮನನ್ನು ಕೇಳಿದೆ. ಕೈಗೆ ಬೀಳೋ ಪೆಟ್ಟು ಅಷ್ಟೇ ಇದೆ ಅಂದ. ರಾಡಾರ್ ಗನ್ ಇಲ್ಲದವರಿಗೆ ಇಷ್ಟು ಸಾಕು.

ಬೇಸ್‌ನಲ್ಲಿ ಓಟಗಾರ ಇದ್ದರೆ ಹೇಗೂ ಸಾಮಾನ್ಯವಾಗಿ ಸ್ಟ್ರೆಚ್‌ನಿಂದಲೇ ಎಸೆಯುತ್ತಾರೆ. ಹಾಗಿರುವಾಗ ವಾರದಲ್ಲಿ ಕೆಲವೇ ಗಂಟೆ ಸಿಗುವ ನಮ್ಮಂಥವರು ಎರಡು ಶೈಲಿ ಸಾಕಿಕೊಳ್ಳುವುದು ಯಾಕೆ? ದೊಡ್ಡವರೂ ಹೀಗೆ ಮಾಡಿದ್ದಾರೆ. 1956ರ ವರ್ಲ್ಡ್ ಸೀರೀಸ್‌ನಲ್ಲಿ, ಅಂದರೆ ಅಮೆರಿಕದ ಬೇಸ್‌ಬಾಲ್ ಫೈನಲ್ ಸರಣಿಯಲ್ಲಿ, ಡಾನ್ ಲಾರ್ಸನ್ ಒಬ್ಬ ಬ್ಯಾಟರ್‌ನನ್ನೂ ಬೇಸ್‌ಗೆ ಬಿಡದೆ 97 ಎಸೆತದಲ್ಲಿ ಪಂದ್ಯ ಮುಗಿಸಿದಾಗ ವೈಂಡಪ್ ಇಲ್ಲದೆಯೇ ಎಸೆಯುತ್ತಿದ್ದರು. 2017ರಲ್ಲಿ ಸ್ಟೀಫನ್ ಸ್ಟ್ರಾಸ್‌ಬರ್ಗ್ ವೈಂಡಪ್ ಬಿಟ್ಟು ಪೂರ್ತಿ ಸ್ಟ್ರೆಚ್‌ಗೆ ಬಂದರು. ವೈಂಡಪ್ ನೋಡಲು ಚೆಂದ, ಒಪ್ಪುತ್ತೇನೆ. ಫೋಟೊಗೆ ಅದು ಇರಲಿ.

ಹಾಗಾದರೆ ಯಾವುದು?

ಟವೆಲ್ ಮತ್ತು ಗೋಣಿಚೀಲ, ಎರಡರಲ್ಲಿ ಒಂದೇ ಆಗಬೇಕು ಅಂದರೆ ನನ್ನ ಓಟು ಟವೆಲ್‌ಗೆ. ಎರಡೂ ಆಗಬಹುದು ಅಂದರೆ ಮೊದಲು ಟವೆಲ್, ಅದು ಮುಗಿದ ತಕ್ಷಣ ಗೋಣಿಚೀಲ. ಈ ಕ್ರಮ ಬದಲಾದರೆ ಫಲ ಬರುವುದಿಲ್ಲ. ಟವೆಲ್‌ನಲ್ಲಿ ಕಾಲಿನ ಗುರುತು ಒಂದೇ ಕಡೆ ಬೀಳಲು ಶುರುವಾದ ಮೇಲೆ ಬಾಲ್ ಹಿಡಿದು ಅರ್ಧ ಜೋರಿನಲ್ಲಿ ಚೀಲಕ್ಕೆ ಎಸೆಯುತ್ತೇನೆ. ಗುರುತು ಚದುರಿದರೆ, ಚೀಲಕ್ಕೆ ಬಡಿದಿದ್ದರೂ ಸರಿ, ಮತ್ತೆ ಟವೆಲ್. ಗುರುತು ಸರಿ ಇದ್ದು ಬಾಲ್ ಮಾತ್ರ ಮೇಲೆ ಹೋಗುತ್ತಿದ್ದರೆ, ಅದು ಬೇಗ ಬಿಟ್ಟ ತಪ್ಪು. ಕೆಳಗೆ ಹೋಗುತ್ತಿದ್ದರೆ ತಡವಾಗಿ ಬಿಟ್ಟದ್ದು. ಆಗ ಮಾತ್ರ ಕೈ ಬಗ್ಗೆ ಯೋಚಿಸಬೇಕು. ಕಾಲೂ ಕೈಯೂ ಒಟ್ಟಿಗೆ ತಪ್ಪುತ್ತಿದ್ದರೆ ಯಾವುದನ್ನು ತಿದ್ದಬೇಕು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಕ್ರಿಕೆಟ್‌ನಿಂದ ಬಂದವರಿಗೆ ಟವೆಲ್ ಇನ್ನೂ ಮುಖ್ಯ. ಓಡಿ ಬಂದು ಎಸೆದು ಅಭ್ಯಾಸ ಇರುವವರಿಗೆ ನಿಂತಲ್ಲಿಂದ ಒಂದೇ ಹೆಜ್ಜೆಯಲ್ಲಿ ಮೈಯ ತೂಕ ಮುಂದೆ ತರುವುದು ಹೊಸದು. ಹಾಕಿಯಿಂದ ಬಂದವರಿಗೆ ಸೊಂಟದ ತಿರುವು ಆಗಲೇ ಗೊತ್ತಿರುತ್ತದೆ, ಅವರು ಬೇಗ ಚೀಲಕ್ಕೆ ಹೋಗಬಹುದು. ಬೇರೆ ಆಟದವರಿಗೆ ಇದೆಲ್ಲ ಆಗುತ್ತದಾ ಅಂತ ಕೇಳುವವರಿಗೆ ರಿಂಕು ಸಿಂಗ್ (ಕ್ರಿಕೆಟಿಗ ರಿಂಕು ಅಲ್ಲ) ಮತ್ತು ದಿನೇಶ್ ಪಟೇಲ್ ಇದ್ದಾರೆ. ಇಬ್ಬರೂ ಜಾವೆಲಿನ್ ಎಸೆಯುತ್ತಿದ್ದವರು, 2008ರಲ್ಲಿ ಅಮೆರಿಕದ ಬೇಸ್‌ಬಾಲ್ ತಂಡ ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಒಪ್ಪಂದ ಮಾಡಿಕೊಂಡರು.

ಲಾಂಗ್ ಟಾಸ್ ಅನ್ನು ನಾನು ಬಿಟ್ಟಿಲ್ಲ, ಪಿಚಿಂಗ್ ಇಲ್ಲದ ದಿನಕ್ಕೆ ಇಟ್ಟುಕೊಂಡಿದ್ದೇನೆ. ಡಿಸೆಂಬರ್ ಬಂದರೆ ಕಣದ ತುಂಬ ಕಾಫಿ, ಅಲ್ಲಿ ಕಾಲಿಟ್ಟರೆ ಅಪ್ಪ ಸುಮ್ಮನಿರುವುದಿಲ್ಲ. ರೋಬಸ್ಟಾ ಕೊಯ್ಲು ಮುಗಿಯುವವರೆಗೆ ಚೀಲ ಮೈದಾನಕ್ಕೆ, ಟವೆಲ್ ಜಗಲಿಗೆ. ಜಗಲಿಯಲ್ಲಿ ಸುಣ್ಣ ಉದುರಿಸಲು ಅಮ್ಮ ಬಿಡದ ಕಾರಣ ಅಲ್ಲಿ ನೆಲಕ್ಕೆ ಇನ್ಸುಲೇಷನ್ ಟೇಪ್ ಅಂಟಿಸಿದ್ದೇನೆ. ಗುರುತು ಉಳಿಯುವುದಿಲ್ಲ, ಹಾಗಾಗಿ ಮೊಬೈಲನ್ನು ಕಾಲಿನ ಮಟ್ಟಕ್ಕೆ ಇಟ್ಟು ವಿಡಿಯೊ ಮಾಡಿಕೊಳ್ಳಬೇಕು.