ವಯಲಿನ್ “ಸೆಟಪ್ ಆಗಿಯೇ ಬರುತ್ತೆ” ಅಂದರೆ ನಂಬಬೇಡಿ, ದೊಡ್ಡವರಾದ ಮೇಲೆ ಕಲಿಯುವವರಂತೂ ನಂಬಲೇಬೇಡಿ

ವಯಲಿನ್‌ನಲ್ಲಿ ಏನೇ ದೋಷ ಇರಲಿ, ಮಾರಿದವರ ಬಾಯಲ್ಲಿ ಉತ್ತರ ಒಂದೇ: “ಪ್ರಾಕ್ಟೀಸ್ ಸಾಲದು ಸರ್.” ಬಿರಡೆ ಜಾರುತ್ತಿದೆಯೇ, ಪ್ರಾಕ್ಟೀಸ್ ಸಾಲದು. ತಂತಿ ಒತ್ತಿದರೆ ಬೆರಳು ಕೊಯ್ದ ಹಾಗೆ ಆಗುತ್ತಿದೆಯೇ, ಪ್ರಾಕ್ಟೀಸ್ ಸಾಲದು. ಕಮಾನು ಒಂದು ತಂತಿಯ ಮೇಲಿಟ್ಟರೆ ಪಕ್ಕದ ಎರಡೂ ಕಿರುಚುತ್ತಿವೆಯೇ, ಅದಕ್ಕೂ ಅದೇ ಮಾತು. ಕಲಿಯುವುದು ಮಗುವಾದರೆ ಅಪ್ಪ ಅಮ್ಮನೋ ಮೇಷ್ಟ್ರೋ ಹೋಗಿ ಜಗಳ ಆಡುತ್ತಾರೆ. ದೊಡ್ಡವರಿಗೆ ಆ ಭಾಗ್ಯ ಇಲ್ಲ. ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ ಅನ್ನೋ ಅಳುಕು ಮೊದಲೇ ಒಳಗೆ ಕೂತಿರುತ್ತದೆ. ಆ ಅಳುಕೇ ಇವರ ಬಂಡವಾಳ. ಅದನ್ನು ನೆಚ್ಚಿಕೊಂಡೇ ಇವರು ವ್ಯಾಪಾರ ಮಾಡುತ್ತಾರೆ ಅಂತ ನನಗೆ ಈಗ ಯಾವ ಅನುಮಾನವೂ ಇಲ್ಲ.

ನನಗೆ ಮಾರಿದ ಅಂಗಡಿಯ ಹೆಸರು ಬರೆಯುವುದಿಲ್ಲ. ಬರೆಯುವ ಅಗತ್ಯವೂ ಇಲ್ಲ, ಇದೇ ಮಾತು ಹೇಳಿ ಇದೇ ಸಾಮಾನು ಮಾರುವವರು ಎಲ್ಲ ಕಡೆ ಇದ್ದಾರೆ. ಮಾರಿದ್ದು “ಹೊಸಬರಿಗಾಗಿ ಫುಲ್ ಸೆಟ್”: 4/4 (ಫುಲ್ ಸೈಜ್) ವಯಲಿನ್, ಪೆಟ್ಟಿಗೆ, ಕಮಾನು, ರಾಳ, ಶೋಲ್ಡರ್ ರೆಸ್ಟ್. ಫಿಂಗರ್‌ಬೋರ್ಡಿನ (ತಂತಿಗಳ ಕೆಳಗೆ ಬೆರಳೊತ್ತುವ ಪಟ್ಟಿ) ಮೇಲೆ ಬೆರಳಿನ ಗುರುತಿಗೆ ಟೇಪನ್ನೂ ಅವರೇ ಅಂಟಿಸಿ ಕೊಟ್ಟಿದ್ದರು. ಹೇಳಿದ್ದು ಮೂರು ಮಾತು. ತಜ್ಞರು ಸೆಟಪ್ ಮಾಡಿದ್ದಾರೆ. ಎಬೊನಿ, ಅಂದರೆ ಗಟ್ಟಿ ಕಪ್ಪು ಮರದ, ಫಿಂಗರ್‌ಬೋರ್ಡ್. ಪೆಟ್ಟಿಗೆ ತೆಗೆದು ನುಡಿಸಿದರಾಯಿತು. ಮೂರೂ ಸುಳ್ಳು.

ಸೆಟಪ್ ಅಂದರೆ ನಾಲ್ಕು ತಂತಿ ಕಟ್ಟಿ ಶ್ರುತಿ ಮಾಡುವುದಲ್ಲ, ಇದನ್ನು ಮೊದಲು ತಲೆಗೆ ಹಾಕಿಕೊಳ್ಳಿ. ಕಾರ್ಖಾನೆಯಿಂದ ಬರುವ ಬ್ರಿಜ್, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು, ಬರೀ ಅಚ್ಚು. ಅದರ ಎರಡು ಪಾದಗಳನ್ನು ಆ ವಾದ್ಯದ ಉಬ್ಬಿಗೆ ಸರಿಯಾಗಿ ಕೂರುವ ಹಾಗೆ ಕೆತ್ತಬೇಕು. ಮೇಲಿನ ಅಂಚನ್ನು 1.3ರಿಂದ 1.5 ಮಿ.ಮೀ.ಗೆ ತೆಳು ಮಾಡಬೇಕು, ಫಿಂಗರ್‌ಬೋರ್ಡಿನ ಬಾಗಿಗೆ ಹೊಂದುವಂತೆ ದುಂಡಗೆ ಮಾಡಬೇಕು. ಬಿರಡೆಗಳ ಕಡೆ ತಂತಿಗಳು ಹಾಯುವ ಸಣ್ಣ ಪಟ್ಟಿಯೇ ನಟ್, ಅದರಲ್ಲಿ ತಂತಿ ಕೂರುವ ಗೀರುಗಳನ್ನು ತಗ್ಗಿಸಬೇಕು. ಬಿರಡೆಗಳು ತೂತಿನ ಎರಡೂ ಗೋಡೆಗಳನ್ನು ಸಮನಾಗಿ ಕಚ್ಚುವಂತೆ ಕೂರಿಸಬೇಕು. ಒಳಗಿನ ಸೌಂಡ್‌ಪೋಸ್ಟ್ (ಮೇಲಿನ ಹಲಗೆಗೂ ಹಿಂದಿನ ಹಲಗೆಗೂ ನಡುವೆ ನಿಲ್ಲಿಸುವ ಕಡ್ಡಿ) ಸರಿಯಾದ ಜಾಗದಲ್ಲಿ ನಿಲ್ಲಬೇಕು. ಗೊತ್ತಿರುವವರಿಗೂ ಇದು ಗಂಟೆಗಟ್ಟಲೆ ಕೂತು ಮಾಡುವ ಕೆಲಸ. ಇದನ್ನು ಮಾಡದೆ ಮಾರಿದ ವಯಲಿನ್ ನೋಡಲು ವಯಲಿನ್, ಅಷ್ಟೇ.

ಗುಟ್ಟು ರಟ್ಟಾಗಿದ್ದು ರಿಪೇರಿಯವರ ಮೇಜಿನ ಮೇಲೆ. ಅವರು ವಾದ್ಯ ನುಡಿಸಲೂ ಇಲ್ಲ. ಒಂದು ಕಾಗದದ ಚೂರು ತೆಗೆದು ಬ್ರಿಜ್‌ನ ಪಾದದ ಕೆಳಗೆ ತಳ್ಳಿದರು. ಸಲೀಸಾಗಿ ಒಳಗೆ ಹೋಯಿತು. ಅರ್ಧ ಪಾದ ಗಾಳಿಯಲ್ಲಿತ್ತು! ನಾಲ್ಕು ತಂತಿಯ ಬಿಗಿ ಮೇಲೆ ಕೂತಿದ್ದರೂ ಕಾಗದ ಒಳಗೆ ಹೋಗುತ್ತದೆ ಅಂದರೆ ಪಾದಕ್ಕೆ ಯಾರೂ ಚಾಕುವನ್ನೇ ತಾಗಿಸಿಲ್ಲ ಅಂತ ಅರ್ಥ. ಆಮೇಲೆ ಚಿಕ್ಕ ಸ್ಕೇಲು ತೆಗೆದರು. ಫಿಂಗರ್‌ಬೋರ್ಡಿನ ಬ್ರಿಜ್ ಕಡೆಯ ತುದಿಯಲ್ಲಿ ಮರಕ್ಕೂ ತಂತಿಗೂ ನಡುವಿನ ಎತ್ತರ ಎಲ್ಲಕ್ಕಿಂತ ತೆಳುವಾದ ಇ ತಂತಿಗೆ 3ರಿಂದ 3.5 ಮಿ.ಮೀ., ಎಲ್ಲಕ್ಕಿಂತ ದಪ್ಪದ ಜಿ ತಂತಿಗೆ 5ರ ಆಸುಪಾಸು ಇದ್ದರೆ ಸರಿ. ಇಲ್ಲಿ ಇ 6, ಜಿ 8. ಎಂಟು! ಸ್ಕೇಲನ್ನು ಅಲ್ಲೇ ಹಿಡಿದುಕೊಂಡು, ಏನೂ ಹೇಳದೆ ನನ್ನ ಮುಖ ನೋಡಿದರು. ಆ ನೋಟ ಇವತ್ತಿಗೂ ಚುಚ್ಚುತ್ತದೆ. “ಬೆರಳು ಗಟ್ಟಿಯಾಗಬೇಕು ಸರ್, ಎಲ್ಲರಿಗೂ ಮೊದಮೊದಲು ನೋಯುತ್ತೆ” ಅಂತ ಅಂಗಡಿಯವರು ಹೇಳಿದ್ದು ಈ 8 ಮಿ.ಮೀ.ಗೆ.

ನಟ್ ಹತ್ತಿರವೂ ಇದೇ ಕಥೆ. ಅಲ್ಲಿ ತಂತಿಯ ಕೆಳಗೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಸಾಕು. ಅದು ಎತ್ತರವಾಗಿದ್ದರೆ ಮೊದಲ ಬೆರಳನ್ನು ಕೆಳಗೆ ಒತ್ತುವಾಗ ತಂತಿ ಎಳೆದುಕೊಂಡು ಸ್ವರ ಏರಿಬಿಡುತ್ತದೆ. ಬೆರಳು ಸರಿಯಾದ ಜಾಗದಲ್ಲೇ ಇದ್ದರೂ ಏರುತ್ತದೆ. ನಟ್‌ಗೆ ಹತ್ತಿರವಾದಷ್ಟೂ ಇದರ ಕಾಟ ಜಾಸ್ತಿ.

ಈಗ ಆ ಟೇಪಿನ ವಿಚಾರ. ಹೆಚ್ಚು ಸಿಟ್ಟು ಬರುವುದು ಇದಕ್ಕೇ. ಸಹಾಯ ಮಾಡುತ್ತೇವೆ ಅಂತ ಅಂಟಿಸಿದ್ದು ನೋಡಿ! ನಟ್‌ನಿಂದ ಬ್ರಿಜ್‌ವರೆಗೆ ತಂತಿಯ ಉದ್ದ ಎಷ್ಟಿದೆಯೋ ಅದರ ಮೇಲೆ ಟೇಪಿನ ಜಾಗ ನಿಂತಿರುತ್ತದೆ. ಫುಲ್ ಸೈಜಿನಲ್ಲಿ ಆ ಉದ್ದ ಸಾಮಾನ್ಯವಾಗಿ 328 ಮಿ.ಮೀ. ಆಚೀಚೆ. ಖಾಲಿ ತಂತಿಯಿಂದ ಒಂದು ಪೂರ್ಣ ಸ್ವರ ಮೇಲೆ ಹೋಗಲು ಉದ್ದದ ಒಂಬತ್ತನೇ ಒಂದು ಪಾಲು, ಅಂದರೆ ನಟ್‌ನಿಂದ 36 ಮಿ.ಮೀ. ಚಿಲ್ಲರೆ. ಪಂಚಮಕ್ಕೆ ಮೂರನೇ ಒಂದು ಪಾಲು, ಸುಮಾರು 109. ಮೇಲಿನ ಷಡ್ಜಕ್ಕೆ ಸರಿಯಾಗಿ ಅರ್ಧ, 164. ಇವರು ಟೇಪನ್ನು ಈ ಲೆಕ್ಕದ ಅಚ್ಚಿಟ್ಟೇ ಅಂಟಿಸಿದ್ದರು. ಬ್ರಿಜ್ ಮಾತ್ರ ಇರಬೇಕಾದ ಜಾಗದಲ್ಲಿ ಇರಲಿಲ್ಲ. ಎಫ್ ಆಕಾರದ ಎರಡು ತೂತುಗಳ ಒಳಗಡೆ ಇರುವ ಚಿಕ್ಕ ಕಚ್ಚುಗಳ ನೇರಕ್ಕೆ ಬ್ರಿಜ್ ನಿಲ್ಲಬೇಕು. ಅಂದರೆ ಮೇಲಿನ ಹಲಗೆಯ ಕುತ್ತಿಗೆ ಕಡೆಯ ಅಂಚಿನಿಂದ 195 ಮಿ.ಮೀ. ಇಲ್ಲಿ ಅದು ಟೇಲ್‌ಪೀಸ್ (ತಂತಿಗಳ ಕೆಳತುದಿ ಸಿಕ್ಕಿಸುವ ಪಟ್ಟಿ) ಕಡೆಗೆ 10 ಮಿ.ಮೀ. ಸರಿದು ನಿಂತಿತ್ತು. ಸೌಂಡ್‌ಪೋಸ್ಟನ್ನು ತಪ್ಪು ಜಾಗದಲ್ಲಿ ನಿಲ್ಲಿಸಿ, ಅದಕ್ಕೆ ಹೊಂದುವಂತೆ ಬ್ರಿಜ್ಜನ್ನೂ ಹಿಂದಕ್ಕೆ ದೂಡಿದ್ದಾರೆ ಅಂತ ರಿಪೇರಿಯವರ ಅಂದಾಜು.

ತಂತಿ 338 ಆಯಿತು, ಟೇಪು 328ರ ಲೆಕ್ಕದಲ್ಲೇ ಉಳಿಯಿತು. ಹಾಗಾಗಿ ಪಂಚಮ ನುಡಿಸುವ ನಾಲ್ಕನೇ ಬೆರಳನ್ನು ಟೇಪಿನ ಮೇಲೆ ಸರಿಯಾಗಿಟ್ಟರೂ ಸ್ವರ ಅರ್ಧಸ್ವರದ ಕಾಲು ಪಾಲಿನಷ್ಟು ಇಳಿ. ಮೊದಲ ಬೆರಳು ಎತ್ತರದ ನಟ್‌ನಿಂದಾಗಿ ಏರು. ಒಂದು ಏರು, ಒಂದು ಇಳಿ, ಎರಡೂ ಟೇಪಿನ ಮೇಲೇ! ದೇವರು ಬಂದು ಪ್ರಾಕ್ಟೀಸ್ ಮಾಡಿದರೂ ಇದು ಸರಿಹೋಗುವ ಮಾತೇ? ಮೇಲಾಗಿ ಬೆರಳಿಗೆ ತಪ್ಪು ಜಾಗವೇ ರೂಢಿಯಾಗುತ್ತದೆ, ಮುಂದೆ ಒಳ್ಳೆಯ ವಾದ್ಯ ಹಿಡಿದಾಗ ಅದನ್ನು ಬಿಡಿಸಬೇಕು.

ಟ್ಯೂನರ್‌ನಲ್ಲಿ ನೋಡಿ, ಟೇಪಿನ ಮೇಲೇ ಬೆರಳಿದೆ, ಮುಳ್ಳು ಎಲ್ಲೋ ಇದೆ ಅಂತ ವಿಡಿಯೊ ಕಳಿಸಿದ್ದಕ್ಕೆ ಬಂದ ಉತ್ತರಗಳು ಇವು.

“ಟ್ಯೂನರ್ ಆಪ್ ಎಲ್ಲ ಕರೆಕ್ಟಾಗಿ ಇರಲ್ಲ ಸರ್, ಕಿವಿಗೆ ಅಭ್ಯಾಸ ಆಗಬೇಕು.”

ಕಿವಿಗೂ ತಪ್ಪೇ ಕೇಳುತ್ತಿದೆ ಅಂದರೆ: “ವಯಸ್ಸಾದ ಮೇಲೆ ಕಲಿಯೋರಿಗೆ ಕಿವಿ ಕೂರೋಕೆ ಟೈಮ್ ಬೇಕು ಸರ್.”

ಬ್ರಿಜ್ ಜಾಗ ತಪ್ಪಿದೆ ಅಂದರೆ: “ನೀವು ಮುಟ್ಟಿರಬೇಕು. ನಮ್ಮಿಂದ ಹೋಗುವಾಗ ಸರಿ ಇತ್ತು.” ಹಾಗಾದರೆ ಒಳಗಿನ ಪೋಸ್ಟನ್ನೂ ನಾನೇ ಕೈ ಹಾಕಿ ಸರಿಸಿದೆನೇ? ಅದನ್ನು ಸರಿಸಲು ಎಸ್ ಆಕಾರದ ಕಬ್ಬಿಣದ ಸಲಕರಣೆಯೇ ಬೇರೆ ಬೇಕು. ಇದಕ್ಕೆ ಉತ್ತರ ಬರಲಿಲ್ಲ, ಕೈಮುಗಿಯುವ ಚಿತ್ರ ಒಂದು ಬಂತು.

ಕೊನೆಗೆ: “ಹೊರಗಡೆ ರಿಪೇರಿಯವರಿಗೆ ತೋರಿಸಿದ್ದೀರಿ ತಾನೇ, ಇನ್ನು ಗ್ಯಾರಂಟಿ ಇಲ್ಲ.” ತೋರಿಸಿದರೆ ಗ್ಯಾರಂಟಿ ಹೋಯಿತು, ತೋರಿಸದಿದ್ದರೆ ದೋಷವೇ ಇಲ್ಲ. ಎಷ್ಟು ಚೆಂದದ ಲೆಕ್ಕ!

ಉಳಿದದ್ದನ್ನೂ ಹೇಳಿಬಿಡುತ್ತೇನೆ. ಎಬೊನಿ ಅಂದಿದ್ದು ಬಿಳಿಚು ಮರಕ್ಕೆ ಬಳಿದ ಕಪ್ಪು ಬಣ್ಣ. ಬೆವರಿದ ಬೆರಳಿಗೆ ಮಸಿ ಹತ್ತುತ್ತಿತ್ತು. (“ಹೊಸದರಲ್ಲಿ ಸ್ವಲ್ಪ ಪಾಲಿಶ್ ಬಿಡುತ್ತೆ ಸರ್.”) ಎಬೊನಿ ಯಾಕೆ ಬೇಕು ಅಂದರೆ ಅದು ಗಟ್ಟಿ, ತಂತಿ ಉಜ್ಜಿದರೂ ಬೇಗ ಸವೆಯುವುದಿಲ್ಲ. ಮೆತ್ತನೆಯ ಮರದಲ್ಲಿ ಕೆಲವೇ ತಿಂಗಳಲ್ಲಿ ತಂತಿಯ ಕೆಳಗೆ ಗೀರು ಬೀಳುತ್ತವೆ, ಆಮೇಲೆ ಝೇಂಕಾರ ಅಲ್ಲ, ಬರೀ ಝರಝರ. ಬಣ್ಣ ಬಳಿದಿದ್ದಾರೋ ಇಲ್ಲವೋ ತಿಳಿಯಬೇಕಾದರೆ ಫಿಂಗರ್‌ಬೋರ್ಡಿನ ತುದಿಯ ಕೆಳಭಾಗ ನೋಡಿ. ಅಲ್ಲಿ ಬಳಿಯಲು ಸೋಮಾರಿತನ ಮಾಡಿರುತ್ತಾರೆ.

ಬಿರಡೆ ಒಂದೇ ಗೋಡೆ ಕಚ್ಚಿತ್ತು. ಹೊರಗೆಳೆದು ನೋಡಿದರೆ ಗೊತ್ತಾಗುತ್ತದೆ: ಎರಡು ಕಡೆ ಹೊಳೆಯುವ ಉಂಗುರ ಇರಬೇಕು, ಇದರಲ್ಲಿ ಒಂದೇ ಕಡೆ. ಅಂಥದಕ್ಕೆ ಸೀಮೆಸುಣ್ಣ ತಿಕ್ಕಿದರೂ ಪೆಗ್ ಪೇಸ್ಟ್ ಹಚ್ಚಿದರೂ ನಾಲ್ಕು ದಿನ. ತಂತಿಯನ್ನು ತಲೆಯ ಕಡೆಯ ಗೋಡೆಗೆ ಒತ್ತಿ ಬರುವ ಹಾಗೆ ಸುತ್ತಿದರೆ ಸ್ವಲ್ಪ ಹಿಡಿಯುತ್ತದೆ, ಆದರೆ ಅದು ರೋಗಕ್ಕೆ ಮದ್ದಲ್ಲ.

ಬ್ರಿಜ್‌ನ ಮೇಲಂಚು ಚಪ್ಪಟೆ. ಎ ತಂತಿ ಮೇಲೆ ಕಮಾನು ಎಳೆದರೆ ಡಿ, ಇ ಎರಡಕ್ಕೂ ತಾಗುತ್ತಿತ್ತು. “ಮೊಣಕೈ ಕಂಟ್ರೋಲ್ ಬರಬೇಕು ಸರ್.” ಮೊಣಕೈಯಂತೆ! ಕಮಾನಿನ ಕಥೆ ಬೇರೆ: ತಿರುಪು ತಿರುಗುತ್ತಲೇ ಇರುತ್ತದೆ, ಕೂದಲು ಬಿಗಿಯುವುದಿಲ್ಲ. ಒಳಗಿನ ಹಿತ್ತಾಳೆ ಕೊಂಡಿಯ ಎಳೆ ಸವೆದಿದ್ದರೆ ಹೀಗಾಗುತ್ತದೆ. ಬದಲಾಯಿಸಬಹುದಾದ ಸಣ್ಣ ಸಾಮಾನು, ಆದರೆ “ಹೊಚ್ಚ ಹೊಸದು” ಅಂದ ಕಮಾನಿನಲ್ಲಿ ಅದು ಸವೆದದ್ದು ಹೇಗೆ ಅಂತ ಕೇಳಿದರೆ ಫೋನೇ ಕಟ್.

ಹೋಗಲಿ, ಒಳಗೆ ಅಂಟಿಸಿದ್ದ ಚೀಟಿಯ ಬಗ್ಗೆಯೂ ಒಂದು ಮಾತು. ಎಫ್ ತೂತಿನಿಂದ ಇಣುಕಿದರೆ ಸ್ಟ್ರಾಡಿವಾರಿಯಸ್ ಅಂತ ಲ್ಯಾಟಿನ್‌ನಲ್ಲಿ ಅಚ್ಚು. ಅದನ್ನು ಟಾರ್ಚ್ ಹಾಕಿ ತೋರಿಸಿ “ಆ ಮಾಡೆಲ್ ಸರ್” ಅಂದರು. ಹೆಸರಾಂತ ವಯಲಿನ್ ತಯಾರಕ ಸ್ಟ್ರಾಡಿವಾರಿ ಇಟಲಿಯ ಕ್ರೆಮೋನಾದಲ್ಲಿ 1737ರಲ್ಲೇ ತೀರಿಕೊಂಡ. ಆ ಚೀಟಿ 19ನೇ ಶತಮಾನದಿಂದಲೂ ಲೆಕ್ಕವಿಲ್ಲದಷ್ಟು ಕಾರ್ಖಾನೆ ವಯಲಿನ್‌ಗಳೊಳಗೆ ಅಂಟಿಕೊಂಡು ಬಂದಿದೆ. ಅದರಿಂದ ವಾದ್ಯದ ಗುಣದ ಬಗ್ಗೆ ಏನೂ ತಿಳಿಯುವುದಿಲ್ಲ. ಅದನ್ನು ತೋರಿಸಿ ಮಾರುವವರ ಗುಣ ಮಾತ್ರ ಚೆನ್ನಾಗಿ ತಿಳಿಯುತ್ತದೆ.

ಕೊಳ್ಳಲು ಹೋಗುವವರು ಒಂದು ಕಾಗದದ ಚೂರು, ಒಂದು ಸ್ಕೇಲು, ಒಂದು ಟಾರ್ಚು ಜೇಬಿನಲ್ಲಿಟ್ಟುಕೊಳ್ಳಿ. ಕಾಗದ ಬ್ರಿಜ್ ಪಾದಕ್ಕೆ, ಸ್ಕೇಲು ತಂತಿಯ ಎತ್ತರಕ್ಕೂ 195 ಮಿ.ಮೀ.ಗೂ. ಟಾರ್ಚು ಪೋಸ್ಟಿಗೆ: ಇ ತಂತಿಯ ಕಡೆಯ ಪಾದದಿಂದ ಎರಡು ಮೂರು ಮಿ.ಮೀ. ಹಿಂದೆ ನೆಟ್ಟಗೆ ನಿಂತಿರಬೇಕು. ಮೇಲಿನ ಹಲಗೆಯಲ್ಲಾಗಲಿ ಹಿಂದಿನ ಹಲಗೆಯಲ್ಲಾಗಲಿ ಪೋಸ್ಟ್ ತಾಗುವ ಜಾಗದಲ್ಲಿ ಬಿರುಕಿದ್ದರೆ ಮಾತೇ ಬೇಡ, ಎದ್ದು ಬನ್ನಿ. ಅಂಚು ಬಿಟ್ಟಿದ್ದರೆ ಅಷ್ಟು ಹೆದರಬೇಕಿಲ್ಲ, ಸರೇಸಿನಿಂದ ಮತ್ತೆ ಅಂಟಿಸಬಹುದು. ಗೆಣ್ಣಿನಿಂದ ಸುತ್ತಲೂ ತಟ್ಟುತ್ತ ಹೋದರೆ ಬಿಟ್ಟ ಜಾಗದಲ್ಲಿ ಸದ್ದು ಬೇರೆ ಬರುತ್ತದೆ. ಕಮಾನಿನ ಕಡ್ಡಿಯನ್ನು ಕಣ್ಣಿಗೆ ನೇರ ಹಿಡಿದು ಪಕ್ಕಕ್ಕೆ ಬಾಗಿದೆಯೇ ನೋಡಿ. ನುಡಿಸಲು ಬಲ್ಲವರು ಯಾರಾದರೂ ಜೊತೆಗೆ ಬಂದರೆ ಇಷ್ಟೆಲ್ಲ ಬೇಕಾಗಿಲ್ಲ, ಅವರ ಕೈಗೆ ಕೊಡಿ. ಅವರಿಗೂ ಅಂಗಡಿಯವರು ಪ್ರಾಕ್ಟೀಸ್ ಸಾಲದು ಅನ್ನುತ್ತಾರೋ ನೋಡೋಣ.

“ಸೆಟಪ್ ಆಗಿದೆ” ಅಂದರೆ ಯಾರು ಮಾಡಿದ್ದು, ತಂತಿಯ ಎತ್ತರ ಎಷ್ಟಿಟ್ಟಿದ್ದಾರೆ ಅಂತ ಕೇಳಿ, ಬಿಲ್ಲಿನ ಮೇಲೆ ಬರೆಸಿ. ಮಾಡಿದವರಿಗೆ ಆ ಅಂಕಿ ಬಾಯಲ್ಲೇ ಇರುತ್ತದೆ. “ಸ್ಟ್ಯಾಂಡರ್ಡ್ ಸರ್” ಅನ್ನುವ ಉತ್ತರ ಬಂದರೆ ಯಾರೂ ಮಾಡಿಲ್ಲ.

ಈಗಾಗಲೇ ಕೊಂಡು ಸಿಕ್ಕಿಹಾಕಿಕೊಂಡಿದ್ದರೆ, ವಾಪಸ್ ಕಳಿಸುವ ಮೊದಲು ಟೇಪು, ಟ್ಯೂನರ್, ಬ್ರಿಜ್ ಪಕ್ಕದಲ್ಲಿ ಸ್ಕೇಲು, ಎಫ್ ತೂತಿನೊಳಗೆ ಕಾಣುವ ಪೋಸ್ಟ್, ಎಲ್ಲದರ ಫೋಟೊ ತೆಗೆದಿಡಿ. ತಂತಿಗಳನ್ನು ಸ್ವಲ್ಪ ಸಡಿಲಿಸಿ, ಪೂರ್ತಿ ಬಿಚ್ಚಬೇಡಿ. ಬ್ರಿಜ್‌ನ ಎರಡೂ ಬದಿಗೆ, ಟೇಲ್‌ಪೀಸ್ ಕೆಳಗೆ ಮೆತ್ತನೆ ಬಟ್ಟೆ ತುರುಕಿ. ಬಿಗಿ ಪೂರ್ತಿ ಹೋದರೆ ಬ್ರಿಜ್ ಬೀಳುತ್ತದೆ, ಅದರ ಹಿಂದೆಯೇ ಪೋಸ್ಟೂ ಉರುಳುತ್ತದೆ. ಪೆಟ್ಟಿಗೆ ತೆಗೆದು ವಯಲಿನ್ನನ್ನು ಗಲಗಲ ಅಲ್ಲಾಡಿಸಿ ತೋರಿಸಿ “ನೋಡಿ ಸರ್, ನೀವೇ ಬೀಳಿಸಿದ್ದೀರಿ” ಅಂತ ಹೇಳಲು ಅವರು ಕಾದು ಕೂತಿರುತ್ತಾರೆ.